ಆವರಣದೊಳಗಿನ ಎರಡು ಸೊನ್ನೆ

ಪುಣೆಯ ಕೋಥ್ರೂಡ್‌ನ ಫ್ಲ್ಯಾಟೊಂದರಲ್ಲಿ, ರಾತ್ರಿ ಹನ್ನೊಂದೂವರೆಗೆ, ಊಟದ ಮೇಜಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪಿನ ಕ್ಯಾಪ್ಸ್ ಲಾಕ್ ದೀಪ ಮಿಣುಕತೊಡಗಿತು. ಯಾರೂ ಕೀಲಿ ಒತ್ತಿರಲಿಲ್ಲ. ಪರದೆಯ ತುಂಬ ಬಿಳಿ ಅಕ್ಷರ, ಕೊನೆಗೆ ಕರ್ನೆಲ್ ಪ್ಯಾನಿಕ್ ಎಂಬ ಎರಡು ಪದ, ಅದರ ಮುಂದೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್ (0,0)’. ಮೂರು ರಾತ್ರಿಗಳ ಕೆಲಸ ಅಲ್ಲಿಗೆ ಬಂದು ನಿಂತಿತ್ತು. ಅವನು ಪವರ್ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದ.

ಲ್ಯಾಪ್‌ಟಾಪು ಅವ್ವನದು. 2013ರಲ್ಲಿ ವಿಡಿಯೊ ಕಾಲ್‌ಗೆಂದು ಅವನೇ ಕೊಡಿಸಿದ್ದು. ಧಾರವಾಡದ ಮಾಳಮಡ್ಡಿಯ ಮನೆ ಖಾಲಿ ಮಾಡುವಾಗ ಪುಸ್ತಕದ ಡಬ್ಬಿಯೊಂದರ ತಳದಲ್ಲಿ ಪುಣೆಗೆ ಬಂದು, ನಾಲ್ಕು ವರ್ಷ ಅಟ್ಟದ ಮೇಲಿತ್ತು. ಎರಡು ಕೋರಿನ ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್. ಮೊದಲಿದ್ದ ವ್ಯವಸ್ಥೆ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುದಿದು ಆರುತ್ತಿತ್ತು. ಅದಕ್ಕೆ ಲಿನಕ್ಸ್ ಹಾಕಿದರೆ ಇನ್ನೊಂದಿಷ್ಟು ವರ್ಷ ಬಾಳೀತು ಎಂಬುದೇನೋ ಸರಿ. ಆದರೆ ಅವನು ಆರಿಸಿಕೊಂಡದ್ದು ಜೆಂಟೂ. ವೇಗವಾಗಿ ಈಜುವ ಒಂದು ಜಾತಿಯ ಪೆಂಗ್ವಿನ್ನಿನ ಹೆಸರು ಅದು. ಅದರಲ್ಲಿ ಸಾಫ್ಟ್‌ವೇರನ್ನು ಸಿದ್ಧರೂಪದಲ್ಲಿ ತರುವ ಬದಲು ಮೂಲ ಕೋಡ್ ಇಳಿಸಿಕೊಂಡು ಅದೇ ಯಂತ್ರದಲ್ಲಿ ಕಂಪೈಲ್ ಮಾಡಿಕೊಳ್ಳುವುದು ಪದ್ಧತಿ. ಅಂಗಡಿಯ ಹಿಟ್ಟು ಬೇಡ, ಜೋಳ ತಂದು ಬೀಸಿಕೊಳ್ಳುತ್ತೇನೆ ಎಂದ ಹಾಗೆ. ಈಗ ಜೆಂಟೂದವರೂ ಸಿದ್ಧ ಕರ್ನೆಲ್ ಕೊಡುತ್ತಾರೆ, ಅದನ್ನೂ ಅವನು ಒಲ್ಲೆನೆಂದ. “ಉಬುಂಟು ಹಾಕಿದ್ರ ಅರ್ಧಾ ತಾಸಿನ ಕೆಲಸ,” ಎಂದು ಹೆಂಡತಿ ಹೇಳಿದಳು. ಅವಳೂ ಐಟಿಯವಳೇ.

ಮೊದಲ ರಾತ್ರಿಯ ಪೆಟ್ಟು ಬೇರೆ ಬಗೆಯದು. ಆಫೀಸಿನ ಯಂತ್ರದ ಅಭ್ಯಾಸದಲ್ಲಿ ಅವನು ಏಕಕಾಲಕ್ಕೆ ಎಂಟು ಕೆಲಸ ನಡೆಸು ಎಂದು ಆದೇಶ ಕೊಟ್ಟ. ಜೊತೆಗೆ ಕೈಪಿಡಿ ಓದಲು ಬ್ರೌಸರ್ ಬೇರೆ ತೆರೆದಿತ್ತು. ಅರ್ಧ ತಾಸಾದ ಮೇಲೆ ‘ಎರರ್ 2’ ಎಂದು ನಿಂತಿತು. ಆ ಸಾಲನ್ನು ಹಿಡಿದುಕೊಂಡು ಅವನು ಒಂದು ತಾಸು ಹುಡುಕಾಡಿದ. ಆದರೆ ಎರರ್ 2 ಏನನ್ನೂ ಹೇಳುವುದಿಲ್ಲ. ಕೆಳಗೆ ಯಾರೋ ಬಿದ್ದಿದ್ದಾರೆ ಎಂದು ಮೇಲಿನವರು ಒಬ್ಬರಿಗೊಬ್ಬರು ಮುಟ್ಟಿಸುವ ಸುದ್ದಿ ಅಷ್ಟೆ. ಬಿದ್ದದ್ದೆಲ್ಲಿ ಎಂಬುದು ಮೇಲೆ, ಎಷ್ಟೋ ಸಾಲುಗಳ ಹಿಂದೆ ಇರುತ್ತದೆ. ಹಿಂದೆ ಸರಿದು ನೋಡಿದರೆ ‘ಕಿಲ್ಡ್’ ಎಂಬ ಪದ ಸಿಕ್ಕಿತು. ಮೆಮೊರಿ ಮುಗಿದು, ಕಂಪೈಲರನ್ನು ವ್ಯವಸ್ಥೆಯೇ ಕೊಂದಿತ್ತು. ಒಂದೊಂದು ಕೆಲಸಕ್ಕೆ ಎರಡು ಜಿಬಿ ಎಂದು ಕೈಪಿಡಿಯಲ್ಲೇ ಬರೆದಿದೆ. ಎಂಟನ್ನು ಎರಡು ಮಾಡಿ, ಬ್ರೌಸರ್ ಮುಚ್ಚಿ, ಮಲಗಿದ. ಬೆಳಿಗ್ಗೆ ಎದ್ದಾಗ ಕರ್ನೆಲ್ ಸಿದ್ಧವಾಗಿತ್ತು.

ಆದರೆ ಅಷ್ಟರೊಳಗೆ ಇನ್ನೊಂದು ತಪ್ಪು ಆಗಿಹೋಗಿತ್ತು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಕರ್ನೆಲ್ ಸುಮಾರು ಹತ್ತು ಸಾವಿರ ಸಾಲಿನದು. ಇಂದು ಅದು ಮೂರು ಕೋಟಿ ಸಾಲು ದಾಟಿದೆ, ಅದರಲ್ಲಿ ಬಹುಪಾಲು ಡ್ರೈವರ್‌ಗಳು, ಅಂದರೆ ಲೋಕದ ಥರಾವರಿ ಯಂತ್ರಾಂಶಗಳ ಜೊತೆ ಮಾತಾಡುವ ತುಣುಕುಗಳು. ಒಂದು ಲ್ಯಾಪ್‌ಟಾಪಿಗೆ ಬೇಕಾದದ್ದು ಅದರಲ್ಲಿ ಹಿಡಿಯಷ್ಟು. ಹಾಗಾಗಿ ಕಂಪೈಲ್ ಮಾಡುವ ಮೊದಲು ಒಂದು ಉದ್ದನೆಯ ಪಟ್ಟಿಯ ಮುಂದೆ ಕೂತು ಒಂದೊಂದಕ್ಕೂ ಗುರುತು ಹಾಕಬೇಕು. ಖಾಲಿ ಬಿಟ್ಟರೆ ಬೇಡ. ನಕ್ಷತ್ರ ಹಾಕಿದರೆ ಕರ್ನೆಲ್ಲಿನ ಒಳಗೇ ಸೇರುತ್ತದೆ. ಎಂ ಎಂದರೆ ಮಾಡ್ಯೂಲ್, ಡಿಸ್ಕಿನ ಮೇಲೆ ಬೇರೆ ಕಡತವಾಗಿದ್ದು ಬೇಕಾದಾಗ ಬರುತ್ತದೆ. ಕರ್ನೆಲ್ ಹಗುರ ಇರಲಿ ಎಂದು ಅವನು ಕಂಡದ್ದಕ್ಕೆಲ್ಲ ಎಂ ಹಾಕುತ್ತ ಹೋದ.

ಎರಡು ಸೊನ್ನೆ ಬಂದದ್ದು ಮೂರನೆಯ ರಾತ್ರಿ. ಹುಡುಕಿದರೆ ಉತ್ತರಗಳಿಗೇನೂ ಬರವಿರಲಿಲ್ಲ. ಡಿಸ್ಕಿನ ಹೆಸರು ತಪ್ಪು ಎಂದರು ಕೆಲವರು, ಬೂಟ್‌ಲೋಡರ್ ತಪ್ಪು ಎಂದರು ಕೆಲವರು. ಎಲ್ಲವೂ ನಿಜವಿರಬಹುದು, ಅದೇ ತೊಂದರೆ. ಆಗ ಅವನಿಗೆ ಅಣ್ಣ ನೆನಪಾದ.

ಇಪ್ಪತ್ತು ವರ್ಷಗಳ ಹಿಂದೆ ಮಾಳಮಡ್ಡಿಯ ಮನೆಯ ನಡುಮನೆಯಲ್ಲಿ ಅಣ್ಣ ಲಿನಕ್ಸ್ ಹಾಕಿದ್ದು ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ. ಎಲ್ಲ ಸರಿಯಾಯಿತು, ಮೋಡೆಮ್ ಮಾತ್ರ ಕೆಲಸ ಮಾಡಲಿಲ್ಲ. ಆ ಕಾಲದ ಅಗ್ಗದ ಒಳ-ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸ್ ಮೇಲೆ ಹೊರಿಸಿ ತಾವು ಸುಮ್ಮನಿರುವಂಥವು. ಇಂಟರ್ನೆಟ್ ಇಲ್ಲದೆ ಡ್ರೈವರ್ ತರುವಂತಿಲ್ಲ, ಡ್ರೈವರ್ ಇಲ್ಲದೆ ಇಂಟರ್ನೆಟ್ ಇಲ್ಲ. ಅಣ್ಣ ಸೈಬರ್ ಕೆಫೆಯಿಂದ ಫ್ಲಾಪಿಯಲ್ಲಿ ಕೋಡ್ ತಂದು ರಾತ್ರಿಯಿಡೀ ಕಂಪೈಲ್ ಮಾಡುತ್ತಿದ್ದ. ತಮ್ಮ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಫ್ಯಾನಿನ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದ. ತಮ್ಮ ಮುಂದೆ ಸಾಫ್ಟ್‌ವೇರಿಗೆ ಹೋದ. ಅಣ್ಣ ಹುಬ್ಬಳ್ಳಿಯಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿಯ ಅಂಗಡಿ ಹಾಕಿದ, ಅವ್ವನ ಕೊನೆಯ ಎರಡು ವರ್ಷ ಅವಳ ಜೊತೆಗಿದ್ದ. ಅವ್ವ ಹೋದ ಮೇಲೆ ಮನೆ ಮಾರಿದಾಗ ತಮ್ಮ, ಆಸ್ಪತ್ರೆಯ ಖರ್ಚನ್ನೆಲ್ಲ ಒಂದು ಎಕ್ಸೆಲ್‌ನಲ್ಲಿ ಹಾಕಿ ಕಳಿಸು ಎಂದು ಕೇಳಿದ. ಅಣ್ಣ ಕಳಿಸಿದ, ಔಷಧಿಯ ಪ್ರತಿ ಚೀಟಿಯ ಫೋಟೊ ಸಮೇತ. ಆಮೇಲೆ ದೀಪಾವಳಿಗೊಂದು ಮೆಸೇಜು, ಯುಗಾದಿಗೊಂದು ಮೆಸೇಜು.

“ಅಣ್ಣಾ, ಮಲಗಿದ್ದೇನು?”

“ಇಲ್ಲೋ. ಏನಾತು? ಎಲ್ಲಾರೂ ಆರಾಮ ಇದ್ದೀರಿಲ್ಲೊ?”

“ಆರಾಮ. ಕರ್ನೆಲ್ ಪ್ಯಾನಿಕ್ ಆಗೇದ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಡೀಕೆ ಆವರಣದಾಗ ಎರಡು ನಂಬರ್ ಇರ್ತಾವ. ಏನವ?”

“ಸೊನ್ನಿ, ಸೊನ್ನಿ.”

“ಅದರ ಮ್ಯಾಲೆ ಪಾರ್ಟಿಷನ್ ಪಟ್ಟಿ ಅದ ಅಂತ ಬರದಿರ್ತದ. ಪಟ್ಟಿಯೊಳಗ ಏನರ ಅದನೊ?”

ಅವನು ಮತ್ತೆ ಲ್ಯಾಪ್‌ಟಾಪ್ ಎಬ್ಬಿಸಿ, ಅದು ಮತ್ತೆ ಬೀಳುವ ತನಕ ಕಾದು, ನೋಡಿದ. ಲಭ್ಯವಿರುವ ಪಾರ್ಟಿಷನ್‌ಗಳು ಇವು ಎಂದು ಬರೆದಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಅವನು ಹತ್ತು ಸಲ ನೋಡಿಯೂ ಕಾಣದಿದ್ದ ಖಾಲಿ ಅದು.

“ಹಂಗಾದ್ರ ಹೆಸರು ತಪ್ಪಿಲ್ಲ. ಅದಕ್ಕ ಡಿಸ್ಕ ಕಾಣಸ್ವಲ್ದು. ಸಾಟಾ ಡ್ರೈವರಿಗೆ ಎಂ ಹಾಕಿರಬೇಕು ನೀ. ಮಾಡ್ಯೂಲ್ ಎಲ್ಲಿರ್ತದ? ಡಿಸ್ಕಿನ್ಯಾಗ. ಡಿಸ್ಕ ಓದ್ಲಿಕ್ಕೆ ಏನು ಬೇಕು? ಟ್ರಂಕಿನ ಕೀಲಿ ಟ್ರಂಕಿನೊಳಗಿಟ್ಟು ಮುಚ್ಚೀದಿ.”

ಇದಕ್ಕೆ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಉಪಾಯವಿದೆ. ಬೇಕಾದ ಕೀಲಿಗಳನ್ನೆಲ್ಲ ಒಂದು ಸಣ್ಣ ಗಂಟು ಕಟ್ಟಿ ಕರ್ನೆಲ್ಲಿನ ಜೊತೆಗೇ ಮೆಮೊರಿಗೆ ಇಳಿಸುವುದು. ಸಿದ್ಧ ಕರ್ನೆಲ್‌ಗಳು ಅದರಿಂದಲೇ ಎಲ್ಲ ಬಗೆಯ ಯಂತ್ರದಲ್ಲೂ ಏಳುತ್ತವೆ. ಇವನು ಅದನ್ನೂ ಬೇಡವೆಂದಿದ್ದ. ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿ ಎಂ ಇದ್ದಲ್ಲಿ ನಕ್ಷತ್ರ ಹಾಕಿದ. ಬದಲಾದದ್ದನ್ನಷ್ಟೇ ಮತ್ತೆ ಕಟ್ಟುವುದರಿಂದ ಈ ಸಲ ಬೇಗ ಮುಗಿಯಿತು. ಅಣ್ಣ ಫೋನ್ ಇಟ್ಟಿರಲಿಲ್ಲ. “ಕಟ್ಟಿ ಹಂಗ ಬಿಡಬ್ಯಾಡ, ಬೂಟ್‌ನ್ಯಾಗ ಕಾಪಿ ಮಾಡು. ಇಲ್ಲಂದ್ರ ಹಳೇದ ಏಳ್ತದ. ಮೋಡೆಮ್ ಹೊತ್ತಿನ್ಯಾಗ ನಾ ಎರಡು ದಿನ ಹಂಗ ಹಾಳು ಮಾಡಿದ್ದೆ.”

ಮತ್ತೆ ಪ್ಯಾನಿಕ್. ಮತ್ತೆ ಕ್ಯಾಪ್ಸ್ ಲಾಕ್ ದೀಪ.

“ನಂಬರ್?”

“ಎಂಟು, ಮೂರು.”

“ಭೇಷ್!” ಎಂದ ಅಣ್ಣ. ಪ್ಯಾನಿಕ್ ಆದದ್ದಕ್ಕೆ ಭೇಷ್ ಎನ್ನುವವನು ಅವನೊಬ್ಬನೇ ಇದ್ದಾನು. ಎಂಟು ಎಂದರೆ ಇಂಥ ಡಿಸ್ಕುಗಳ ವರ್ಗದ ಸಂಖ್ಯೆ, ಮೂರು ಎಂದರೆ ಅದರ ಮೂರನೆಯ ಭಾಗ. ಈಗ ಡಿಸ್ಕು ಕಾಣುತ್ತಿದೆ, ಅದರ ಮೇಲಿನ ಬರಹ ಮಾತ್ರ ತಿಳಿಯುತ್ತಿಲ್ಲ. ಇಎಕ್ಸ್‌ಟಿ4 ಎಂಬ ಕಡತವ್ಯವಸ್ಥೆಗೂ ಇವನು ಎಂ ಹಾಕಿದ್ದ. ಅದನ್ನು ನಕ್ಷತ್ರ ಮಾಡಲು ಕೂತವನು ಬೇಸತ್ತು ಅಕ್ಕಪಕ್ಕ ಕಂಡದ್ದಕ್ಕೆಲ್ಲ ನಕ್ಷತ್ರ ಹಾಕಿಬಿಟ್ಟ.

ಒಂದೂವರೆಗೆ ಲಾಗಿನ್ ಎಂಬ ಪದ ಬಂದು ಅದರ ಮುಂದೆ ಕರ್ಸರ್ ಮಿಡಿಯಿತು. ಒಳಕೋಣೆಯಿಂದ ಬಂದ ಹೆಂಡತಿ ಪರದೆಯನ್ನೂ ಫೋನನ್ನೂ ನೋಡಿ ನೀರು ಕುಡಿದು ಹೋದಳು. ಅಣ್ಣನಿಗೆ ಫೋನ್ ಮಾಡಲಿಕ್ಕೇ ಇಷ್ಟೆಲ್ಲ ಮಾಡಿದೆಯಾ ಎಂದು ಮರುದಿನ ಅವಳು ಕೇಳಲಿದ್ದಳು, ಅವನು ಇಲ್ಲ ಎನ್ನಲಿದ್ದ.

“ವೈಫೈ ಹತ್ತೇದನೊ?”

ಹತ್ತಿರಲಿಲ್ಲ. ಫರ್ಮ್‌ವೇರ್ ಸಿಗಲಿಲ್ಲ ಎಂದು ಒಂದು ಸಾಲು ಬಂದಿತ್ತು.

“ಅದಕ್ಕೂ ನಕ್ಷತ್ರ ಹಾಕೀದೇನು?” ಅಣ್ಣ ನಕ್ಕ. ಆ ಡ್ರೈವರ್ ಕರ್ನೆಲ್ಲಿನೊಳಗಿದ್ದರೆ, ಡಿಸ್ಕು ತೆರೆಯುವ ಮೊದಲೇ ಎದ್ದು ಡಿಸ್ಕಿನಲ್ಲಿರುವ ಫರ್ಮ್‌ವೇರ್ ಕೇಳುತ್ತದೆ. “ಅದೊಂದಕ್ಕ ಎಂ ಬೇಕಪಾ. ನಾಳೆ ಮಾಡು. ಅಂಧಂಗ, ಯಾವ ಲ್ಯಾಪ್‌ಟಾಪು ಅದು?”

“ಅವ್ವಂದು.”

ಹುಬ್ಬಳ್ಳಿಯ ಕಡೆಯಿಂದ ಒಂದು ನಾಯಿ ಬೊಗಳುವುದು ಕೇಳಿಸಿತು.

“ಅದರಾಗ ಫೋಟೊ ಇದ್ದುವಲ್ಲೊ.”

“ಮದಲ ತಗದಿಟ್ಟೀನಿ. ಕಳಸ್ತೀನಿ.”

“ವೈಫೈ ಹಚ್ಚಿ ಅದರಿಂದನ ಕಳಸು,” ಎಂದ ಅಣ್ಣ. “ನಾಳೆ ಹತ್ತರ ಮ್ಯಾಲೆ ಫೋನ್ ಮಾಡು, ಅಂಗಡಿ ಮುಚ್ಚಿರ್ತೀನಿ.”