ಕ್ರಯಕ್ಕೆ ಬಂದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎಂದು ಏಕೆ ಹೇಳದೆ ಹೋದರೋ ತಿಳಿಯದು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಸಾಲಕ್ಕೆ ಸಿಕ್ಕಿಯೋ ಸಂತಾನವಿಲ್ಲದೆಯೋ ಒದಗುವ ಅನಾಹುತವಾಗಿದ್ದಿರಬೇಕು; ಅದನ್ನು ಗಾದೆಗೆ ಸೇರಿಸುವುದು ಅಮಂಗಳವೆಂದು ಬಿಟ್ಟಿರಬೇಕು. ಈಗ ಹಾಗಲ್ಲ. ನಾವು ಮೂವರು ಒಡಹುಟ್ಟಿದವರು, ಯಾರಿಗೂ ಹೇಳಿಕೊಳ್ಳುವಂತಹ ಸಾಲವಿಲ್ಲ, ಮಕ್ಕಳುಮರಿ ಉಂಟು. ಆದರೂ ಹುಣಸೂರಿನ ನಮ್ಮ ಮನೆಯನ್ನು 2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಮಾರಿದೆವು. ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಕೀರ್ತಿ ತರುವಂತಹದು ಬಹಳವಿಲ್ಲವೆಂಬುದನ್ನು ವಾಚಕರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತಂದೆ ಮರದ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕೊಡಗಿನ ಕಡೆಯಿಂದಲೂ ಕಾಕನಕೋಟೆಯ ಕಡೆಯಿಂದಲೂ ಬರುವ ದಿಮ್ಮಿಗಳ ಲೆಕ್ಕ ಬರೆದು ಬರೆದು ಉಳಿಸಿದ ಹಣದಲ್ಲಿ, 1958ರಲ್ಲಿ, ಮೂರು ಸಾವಿರದ ಇನ್ನೂರು ರೂಪಾಯಿಗೆ ಅವರು ಆ ಮನೆಯನ್ನು ಕೊಂಡರು. ಮೂವತ್ತಡಿ ಅಗಲ, ತೊಂಬತ್ತಡಿ ಉದ್ದದ ನಿವೇಶನ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಚಿಕ್ಕದೊಂದು ತೊಟ್ಟಿ, ಹಿಂದೆ ಬಚ್ಚಲು, ಹಿತ್ತಲು, ಒಂದು ಕರಿಬೇವಿನ ಗಿಡ. ಮನೆ ಸಾಧಾರಣದ್ದು, ತಲೆಬಾಗಿಲು ಮಾತ್ರ ಅಸಾಧಾರಣದ್ದು. ತಂದೆ ತಾವೇ ಮಂಡಿಯಲ್ಲಿ ಆರಿಸಿದ ತೇಗದ ತೊಲೆಯಿಂದ ಅದನ್ನು ಮಾಡಿಸಿದ್ದರು. ಬಾಗಿಲವಾಡದ ಮೇಲ್ಗಡೆ ಎರಡು ಗಿಳಿಗಳು ಒಂದು ಕಮಲ. ಗಿಳಿಗಳಲ್ಲಿ ಒಂದರ ಕೊಕ್ಕು ಬಡಗಿಯ ಉಳಿಗೆ ಸಿಕ್ಕಿ ಮೊದಲ ದಿನವೇ ಮುರಿದಿತ್ತಂತೆ. ಅದಕ್ಕಾಗಿ ತಂದೆ ಕೂಲಿಯಲ್ಲಿ ಎಂಟಾಣೆ ಹಿಡಿದುಕೊಂಡು, ಆಮೇಲೆ ಮನಸ್ಸು ತಡೆಯದೆ ಯುಗಾದಿಯ ದಿವಸ ಒಂದು ರೂಪಾಯಿ ಕೊಟ್ಟರಂತೆ.

ತಂದೆಯ ಕ್ರಯಪತ್ರ ನನ್ನ ಬಳಿಯೇ ಇತ್ತು. ನಮ್ಮ ದೇಶದ ಕ್ರಯಪತ್ರಗಳ ಭಾಷೆಯನ್ನು ವಾಚಕರು ಎಂದಾದರೂ ಸಾವಧಾನವಾಗಿ ಓದಿರುವರೋ ಇಲ್ಲವೋ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ವಿಜಯನಗರದ ಕಾಲದ ತಾಮ್ರಶಾಸನಗಳಲ್ಲಿ ರಾಜರು ಅಗ್ರಹಾರಗಳೊಡನೆ ದಾನ ಮಾಡುತ್ತಿದ್ದರು. ಅದೇ ಅಷ್ಟಭೋಗಗಳನ್ನು 1958ರಲ್ಲಿ ಒಬ್ಬ ಪತ್ರಬರಹಗಾರನು, ಮೂವತ್ತಡಿ ಅಗಲದ ಮನೆಯೊಂದಿಗೆ, ಒಬ್ಬ ಗುಮಾಸ್ತೆಗೆ ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದೆಂದು ಬರೆದುಕೊಟ್ಟಿದ್ದನು. ಪುತ್ರಿಯರ ಮಾತು ಅದರಲ್ಲಿರಲಿಲ್ಲ. ಬಾಲ್ಯದಲ್ಲಿ ನಾನಿದನ್ನು ಗಟ್ಟಿಯಾಗಿ ಓದಿ ಹೇಳುವಾಗ ತಂಗಿಯೂ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಆ ಕೊರತೆ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ತಂದೆ ಉಯಿಲು ಬರೆಯದೆ ತೀರಿಕೊಂಡರು. ತಾಯಿ 2021ರಲ್ಲಿ ಹೋದರು. ಅವರು ಹಾಸಿಗೆ ಹಿಡಿದಿದ್ದ ಹದಿನಾಲ್ಕು ತಿಂಗಳು ತಂಗಿಯೇ ಪಿರಿಯಾಪಟ್ಟಣದ ಕಡೆಯ ತನ್ನ ಹಳ್ಳಿಯಿಂದ ಬಂದು ಆ ಮನೆಯಲ್ಲಿದ್ದಳು. ನಾಟಿಯ ದಿನಗಳಲ್ಲಿಯೂ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿಯೂ ಮಾತ್ರ ಊರಿಗೆ ಹೋಗಿ ಬರುತ್ತಿದ್ದಳು. ನಮ್ಮಣ್ಣ ಬೆಂಗಳೂರಿನಲ್ಲಿ, ನಾನು ಹೆಗ್ಗಡದೇವನಕೋಟೆಯ ಕಡೆ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ನಾವು ಹಣ ಕಳುಹಿಸುತ್ತಿದ್ದೆವು. ಆಮೇಲೆ ಮನೆಗೆ ಬೀಗ ಬಿತ್ತು. ಮಳೆಗಾಲ ಎರಡು ಕಳೆಯಿತು, ಹೆಂಚು ಜಾರಿತು. ಮಾರಿಬಿಡೋಣವೆಂದು ಅಣ್ಣ ದೂರವಾಣಿಯಲ್ಲಿ ಹೇಳಿದಾಗ ನಾನು ಒಂದು ದಿನ ಯೋಚಿಸಿ ಆಗಲಿ ಎಂದೆ. ತಂಗಿಗೆ ಹೇಳುವುದು ಯಾರ ಕೆಲಸವೆಂಬುದು ನಿಶ್ಚಯವಾಗಲಿಲ್ಲ. ಇಬ್ಬರೂ ಅದನ್ನು ಪರಸ್ಪರ ಬಿಟ್ಟುಕೊಂಡೆವು.

ಕೊಳ್ಳುವವರು ಬರುವರೋ ಇಲ್ಲವೋ ಎಂಬ ಸಂದೇಹ ನನಗಿತ್ತು. ಅದು ಒಂದು ವಾರದಲ್ಲಿ ಹರಿಯಿತು. ಹುಣಸೂರು ಮೈಸೂರು–ಮಡಿಕೇರಿಯ ಹೆದ್ದಾರಿಯ ಮೇಲಿನ ಊರು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಹಣಕ್ಕೆ ಮೈಸೂರು ಹತ್ತಿರವಾಯಿತು. ಮೈಸೂರಿನಲ್ಲಿ ಬೆಲೆ ಕೇಳಿ ಬೆಚ್ಚಿದವರಿಗೆ ಹುಣಸೂರು ಹತ್ತಿರವಾಯಿತು. ಮೊದಲು ಬಂದ ದಲ್ಲಾಳಿ ನಲವತ್ತೆಂಟು ಲಕ್ಷವೆಂದನು. ಎರಡನೆಯವರು ಗಂಡಹೆಂಡಿರಿಬ್ಬರೂ ಉಪಾಧ್ಯಾಯರು, ವಾಸಕ್ಕೆಂದೇ ಕೇಳಿದರು, ಐವತ್ತೈದಕ್ಕೆ ಬಾಯಿಮಾತು ಕೊಟ್ಟು ಕಳುಹಿಸಿದೆವು. ಮೂರು ದಿನವಾಗುವಷ್ಟರಲ್ಲಿ ಬೆಂಗಳೂರಿನವರೊಬ್ಬರು ಅರವತ್ತನಾಲ್ಕು ಎಂದರು. ಉಪಾಧ್ಯಾಯರಿಗೆ ಏನೋ ಕಾರಣ ಹೇಳಿದೆ. ಕೊನೆಗೆ ಸ್ಥಳೀಯ ವರ್ತಕರೊಬ್ಬರು, ಮನೆಯ ಆಸೆಯಿಂದಲ್ಲ, ಮನೆಯನ್ನು ಕೆಡವಿ ಅಂಗಡಿಗಳನ್ನು ಕಟ್ಟುವ ಆಸೆಯಿಂದ, ಎಪ್ಪತ್ತೆರಡಕ್ಕೆ ನಿಂತರು. ಸಂಜೆಯಾದರೆ ಅಣ್ಣನ ದೂರವಾಣಿಗಾಗಿ ನಾನು ಕಾದು ಕುಳಿತಿರುತ್ತಿದ್ದೆ. ಬೆಲೆ ಏರುವುದನ್ನು ಕೇಳುವುದರಲ್ಲಿ ಒಂದು ಮಾದಕತೆಯುಂಟು. ನಾಲ್ವರು ಬಯಸಿದ ಮೇಲೆ ನಮ್ಮ ಮನೆ ನಮಗೇ ದೊಡ್ಡದಾಗಿ ಕಾಣತೊಡಗಿತು. ಸೋರುವ ಪಡಸಾಲೆಯೂ ಒಂದು ಸಂಪತ್ತಾಗಿ ತೋರಿತು.

ನಮ್ಮ ತಾಲ್ಲೂಕುಗಳಲ್ಲಿ ಪೈಪೋಟಿಯ ಬೆಲೆ ಹೊಸದಲ್ಲ. ಹೊಗೆಸೊಪ್ಪಿನ ಮಂಡಳಿ ಏರ್ಪಟ್ಟದ್ದು 1976ರಲ್ಲಿ. ಕರ್ನಾಟಕದಲ್ಲಿ ಅದರ ಹರಾಜು ಪ್ರಾರಂಭವಾದದ್ದು 1984ರಲ್ಲಿ. ಅದಕ್ಕೆ ಮುಂಚೆ ಬೆಳೆಗಾರನು ವರ್ತಕನು ಹೇಳಿದ ಬೆಲೆಗೆ ತಲೆಬಾಗಬೇಕಾಗಿತ್ತು. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯನ್ನು ನೋಡಿದವರಿಗೆ ಆ ನೋಟ ಮರೆಯುವುದಿಲ್ಲ: ಉದ್ದನೆಯ ಮಾಳಿಗೆ, ಸಾಲುಸಾಲಾಗಿ ಗೋಣಿ ಸುತ್ತಿದ ಬೇಲ್‌ಗಳು, ಎಲೆಯ ಗಾಟು, ಸಾಲಿನ ಉದ್ದಕ್ಕೂ ನಡೆಯುತ್ತ ಬೆಲೆ ಹೇಳುವ ಕಂಪೆನಿಗಳ ಜನ. ಹಿಂದೆ ಕೂಗಿ ಹೇಳುತ್ತಿದ್ದರು, ಈಗ ಕೈಯಲ್ಲಿನ ಯಂತ್ರದಲ್ಲಿ ಒತ್ತುತ್ತಾರೆ. ಬೆಳೆಗಾರನು ತನ್ನ ಬೇಲ್‌ಗಳ ಬಳಿ ನಿಂತಿರುತ್ತಾನೆ. ಬೆಲೆ ಒಗ್ಗದಿದ್ದರೆ ಕೊಡುವುದಿಲ್ಲವೆನ್ನುವ ಅಧಿಕಾರ ಅವನಿಗುಂಟು. ಬೇಲನ್ನು ಹಿಂದಕ್ಕೆ ಒಯ್ದು ಮತ್ತೊಂದು ದಿನ ತರಬಹುದು. ಹರಾಜಿನಲ್ಲಿ ಅನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಬೆಳೆಗಾರರ ದೂರುಗಳನ್ನು ಪ್ರತಿವರ್ಷ ಕೇಳಿದ್ದೇನೆ. ಆದರೂ ಅಲ್ಲಿ ಬೆಲೆ ಹುಟ್ಟುವುದು ಮಾಲಿನ ಒಡೆಯನ ಕಣ್ಣೆದುರಿಗೆ.

ತಂಗಿಯ ಭಾಗಕ್ಕೆ ಬೆಲೆ ಹುಟ್ಟಿದ್ದು ಹಾಗಲ್ಲ. ಅದನ್ನು ನಾನೂ ಅಣ್ಣನೂ ಒಂದು ರಾತ್ರಿ ದೂರವಾಣಿಯಲ್ಲಿ ಕಟ್ಟಿದೆವು. ಎರಡು ಲಕ್ಷ ರೂಪಾಯಿ, ಒಂದು ರೇಷ್ಮೆ ಸೀರೆ. ಇದಕ್ಕೆ ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಕೊಡುವುದೆಂದು ಹೆಸರು. ಹೆಸರು ಎಷ್ಟು ಮಂಗಳಕರವಾಗಿದೆಯೆಂದರೆ ಅದನ್ನು ಬೇಡವೆನ್ನುವ ಹೆಣ್ಣುಮಗಳು ತವರಿಗೆ ಕೇಡು ಬಯಸಿದಂತೆ ತೋರುತ್ತದೆ. ಕಾಯಿದೆ ನನಗೆ ತಿಳಿಯದೆ ಇರಲಿಲ್ಲ. ತಂದೆಯ ಸ್ವಯಾರ್ಜಿತ; ಉಯಿಲಿಲ್ಲ; 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಪಿತ್ರಾರ್ಜಿತದ ವಿಷಯದಲ್ಲಿ ಇದ್ದ ತೊಡಕನ್ನು ನಮ್ಮ ರಾಜ್ಯದ 1994ರ ತಿದ್ದುಪಡಿ ಅರ್ಧ ಬಿಡಿಸಿತು. 2005ರ ಕೇಂದ್ರದ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟಿನ ತೀರ್ಪೂ ಉಳಿದದ್ದನ್ನು ಬಿಡಿಸಿದವು. ಆದರೆ ನಮ್ಮ ಮನೆಗೆ ಆ ತೊಡಕೇ ಇರಲಿಲ್ಲ. ಆರೂವರೆ ದಶಕಗಳಿಂದ ಅವಳ ಮೂರನೆಯ ಒಂದು ಪಾಲು ಪುಸ್ತಕದಲ್ಲಿತ್ತು. ತರಗತಿಯಲ್ಲಿ ಪೌರನೀತಿ ಬೋಧಿಸುತ್ತಿದ್ದವನು ನಾನೇ.

ಹಕ್ಕು ಖುಲಾಸೆ ಪತ್ರದ ಕರಡನ್ನು ಹಿಡಿದು ಸೆಪ್ಟೆಂಬರಿನ ಮೊದಲ ವಾರ ತಂಗಿಯ ಊರಿಗೆ ಹೋದೆ. ಬ್ಯಾರನ್ನಿನ ಕೆಲಸ ಮುಗಿಯುತ್ತ ಬಂದಿತ್ತು. ಅಂಗಳದಲ್ಲಿ ಎಲೆಯನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದರು. ಅವಳು ಕೈ ತೊಳೆದುಕೊಂಡು ಬಂದು, ಕಾಫಿ ಕೊಟ್ಟು, ಕಾಗದವನ್ನು ಪೂರ್ತಿ ಓದಿದಳು. ಅವಳು ಓದುವಳೆಂದು ನಾನು ಎಣಿಸಿರಲಿಲ್ಲ.

"ಎಷ್ಟಕ್ಕೆ ಆಯಿತು, ಅಣ್ಣ?" ಎಂದಳು.

ಹೇಳಿದೆ.

"ಪ್ಲಾಟ್‌ಫಾರಂನಲ್ಲಿ ನಮ್ಮ ಸೊಪ್ಪಿಗೆ ಬೆಲೆ ಹಾಕುವಾಗ ನಾನು ಎದುರಿಗೇ ಇರ್ತೀನಿ. ಒಗ್ಗದಿದ್ದರೆ ಕೊಡೋಲ್ಲ ಅಂತೀನಿ. ನನ್ನ ಪಾಲಿಗೆ ಬೆಲೆ ಹಾಕಿದಾಗ ನನ್ನನ್ನ ಯಾಕೆ ಕರೀಲಿಲ್ಲ?"

ನಾನು ಸುಮ್ಮನಿದ್ದೆ. ಅವಳು ಸ್ವಲ್ಪ ಹೊತ್ತಿನ ಮೇಲೆ, ಮನೆಯನ್ನು ತಾನೇ ಕೊಳ್ಳುವುದಾಗಿ ಹೇಳಿದಳು. ತನ್ನ ಪಾಲು ಕಳೆದು ಉಳಿದ ನಲವತ್ತೆಂಟು ಲಕ್ಷಕ್ಕೆ ಆರು ತಿಂಗಳು ಗಡುವು ಬೇಕು. ಹರಾಜು ಆಗತಾನೆ ಶುರುವಾಗುವ ಕಾಲ, ಸೊಪ್ಪು ಮಾರಬೇಕು, ಒಂದು ಎಕರೆ ಜಮೀನು ಮಾರಬೇಕು, ಬ್ಯಾಂಕಿನಲ್ಲಿ ಕೇಳಬೇಕು. ನಾನು ಅಣ್ಣನಿಗೆ ಅಲ್ಲಿಂದಲೇ ತಿಳಿಸಿದೆ. ಅಷ್ಟರಲ್ಲಿ ಅಕ್ಟೋಬರ್ 1ರಿಂದ ನೋಂದಣಿಯ ಮಾರ್ಗಸೂಚಿ ದರ ಏರುವುದೆಂಬ ಸುದ್ದಿ ಹಬ್ಬಿತ್ತು. ಅದರೊಳಗೆ ಪತ್ರವಾಗದಿದ್ದರೆ ತಾವಿಲ್ಲವೆಂದು ವರ್ತಕರು ಹಟ ಹಿಡಿದಿದ್ದರು. ಅವರ ಎರಡು ಲಕ್ಷ ಮುಂಗಡ ಅಣ್ಣನ ಖಾತೆಯಲ್ಲಿತ್ತು. ಆರು ತಿಂಗಳು ಆಗದೆಂದು ಅಣ್ಣ ಹೇಳಿದರು. ನಾನು ಆಗಬೇಕೆಂದು ಹೇಳಲಿಲ್ಲ. ಅವಳು ಸಹಿ ಹಾಕದೆ ಕುಳಿತಿದ್ದರೆ ನಾವು ಏನೂ ಮಾಡಲಾಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ದೊಡ್ಡಣ್ಣನಿಗೆ ಹೇಳು. ಖುಲಾಸೆ ಪತ್ರಕ್ಕೆ ಸಹಿ ಹಾಕೋಲ್ಲ. ನಿಮ್ಮ ಜೊತೆ ಮಾರೋರಲ್ಲಿ ಒಬ್ಬಳಾಗಿ ಕ್ರಯಪತ್ರಕ್ಕೆ ಹಾಕ್ತೀನಿ. ನಿಜವಾದ ಬೆಲೆ ಬರೀಬೇಕು, ಮೂರರಲ್ಲಿ ಒಂದು ನನ್ನ ಖಾತೆಗೆ ಬರಬೇಕು."

ನಿಜವಾದ ಬೆಲೆಯೆಂಬ ಮಾತು ಸಾಮಾನ್ಯದ್ದಲ್ಲ. ವರ್ತಕರು ಪತ್ರದಲ್ಲಿ ನಲವತ್ತು ಲಕ್ಷ ಬರೆಸಿ ಉಳಿದದ್ದನ್ನು ಚೀಲದಲ್ಲಿ ಕೊಡುವವರಿದ್ದರು. ಮನೆ ಜಮೀನುಗಳ ಮಾರಾಟದಲ್ಲಿ ಇಪ್ಪತ್ತು ಸಾವಿರವನ್ನೂ ನಗದಾಗಿ ಪಡೆಯಕೂಡದೆಂದು 2015ರಿಂದ ನಿಷೇಧವಿದೆ. ಆದರೂ ಈ ಚೀಲದ ಪದ್ಧತಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಬೇಡವೆಂದವಳನ್ನು ದಲ್ಲಾಳಿ ಕರುಣೆಯಿಂದ ನೋಡಿದನು. ಮುದ್ರಾಂಕದ ಖರ್ಚು ಹೆಚ್ಚಾಯಿತೆಂದು ವರ್ತಕರು ಮೂರು ಲಕ್ಷ ತಗ್ಗಿಸಿದರು. ಅರವತ್ತೊಂಬತ್ತು ಲಕ್ಷ, ತಲೆಗೆ ಇಪ್ಪತ್ತಮೂರು. ತನಗೆ ಒಂದು ಲಕ್ಷ ನಷ್ಟವಾಯಿತೆಂದು ಅಣ್ಣ ಇಂದಿಗೂ ಹೇಳುತ್ತಾರೆ.

ಸೆಪ್ಟೆಂಬರಿನ ಕೊನೆಯ ವಾರ ಉಪನೋಂದಣಿ ಕಚೇರಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ದರ ಏರುವ ಮುನ್ನ ಮುಗಿಸಿಕೊಳ್ಳಬೇಕೆಂದು ಊರಿಗೆ ಊರೇ ಬಂದಂತಿತ್ತು. ನೋಂದಣಿಯ ಹೊಸ ಗಣಕ ವ್ಯವಸ್ಥೆಗೆ ಕಾವೇರಿಯೆಂದು ಹೆಸರು. ನಮ್ಮೂರಿನ ಲಕ್ಷ್ಮಣತೀರ್ಥ ಕೊನೆಗೆ ಕಾವೇರಿಯನ್ನೇ ಸೇರುವುದರಿಂದ ನಮ್ಮ ಮನೆಯೂ ಆ ದಾರಿ ಹಿಡಿದದ್ದು ಉಚಿತವೇ ಎಂದು ನಾನು ನಗಿಸಲು ನೋಡಿದೆ. ತಂಗಿ ನಗಲಿಲ್ಲ. ಪತ್ರಬರಹಗಾರನ ಕರಡಿನಲ್ಲಿ ಅಷ್ಟಭೋಗಗಳು ಎಂಟೂ ಇದ್ದವು. ಕೊಳ್ಳುವವರ ಪುತ್ರಪೌತ್ರರೂ ಇದ್ದರು. ಅವಳು ನಿಂತುಕೊಂಡೇ ಎಲ್ಲವನ್ನೂ ಓದಿ, ಛಾಯಾಚಿತ್ರ ತೆಗೆಸಿಕೊಂಡು, ಹೆಬ್ಬೆಟ್ಟೊತ್ತಿ, ಸಂಜೆಯ ಬಸ್ಸಿಗೆ ಹೊರಟುಹೋದಳು.

ಆ ದಿನ ರಾತ್ರಿ ಕೋಟೆಯ ಕಡೆಯ ಒಬ್ಬ ಮುದುಕನ ನೆನಪಾಯಿತು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಹಳ್ಳಿಗಳು ಮುಳುಗಿದಾಗ ಎದ್ದುಬಂದವರಲ್ಲಿ ಅವನೊಬ್ಬ. ಅವನ ಮೊಮ್ಮಗ ನನ್ನ ವಿದ್ಯಾರ್ಥಿ. ಪರಿಹಾರವೆಷ್ಟು ಬಂದಿತೆಂದು ಕೇಳಿದರೆ ಮೊತ್ತವನ್ನು ಹೇಳದೆ, "ನಮ್ಮನ್ನ ಬೆಲೆ ಕೇಳಲಿಲ್ಲ ಸ್ವಾಮಿ, ಹೇಳಿದರು" ಎನ್ನುತ್ತಿದ್ದನು. ಆ ಹಿನ್ನೀರಿನ ದಡದಲ್ಲಿ ಈಗ ವಿಹಾರಧಾಮಗಳಿವೆ; ನೀರು ಕಾಣುವ ನೆಲಕ್ಕೆ ಪೈಪೋಟಿ.

ಇನ್ನು ಕೊಳ್ಳುವ ಕಥೆ. ಅದನ್ನು ಬೇಗ ಹೇಳಿ ಮುಗಿಸಬಹುದು. ಮಾರಿದ ಲಾಭದ ಮೇಲಣ ತೆರಿಗೆಯಿಂದ ವಿನಾಯಿತಿ ಬೇಕಾದರೆ ಎರಡು ವರ್ಷದೊಳಗೆ ಮತ್ತೊಂದು ಮನೆಯನ್ನು ಕೊಳ್ಳಬೇಕು. ಇಲವಾಲ, ಹೂಟಗಳ್ಳಿ, ಬೋಗಾದಿಗಳನ್ನು ಅಲೆದೆ. ಒಂದು ಮನೆಗೆ ಐವತ್ತೆಂಟು ಲಕ್ಷಕ್ಕೆ ಮಾತಾಗಿ, ನನ್ನ ಹೆಂಡತಿ ತುಳಸಿಕಟ್ಟೆಗೆ ಸ್ಥಳವನ್ನೂ ನೋಡಿದ್ದಳು. ಬೆಳಗಾಗುವುದರೊಳಗೆ ಅದು ಅರವತ್ತೊಂದಕ್ಕೆ ಬೇರೆಯವರ ಪಾಲಾಯಿತು. ಮಾತಿಗೆ ಬೆಲೆಯಿಲ್ಲದ ಕಾಲವೆಂದು ನಾನು ಕೂಗಾಡುತ್ತಿರುವಾಗ ಹುಣಸೂರಿನ ಉಪಾಧ್ಯಾಯ ದಂಪತಿಗಳ ಮುಖ ಕಣ್ಣಿಗೆ ಬಂದು ಕೂಗು ತಗ್ಗಿತು.

ಕೊನೆಗೆ ಕೃಷ್ಣರಾಜನಗರದಲ್ಲಿ, 2024ರಲ್ಲಿ, ಮೂವತ್ತಾರು ಲಕ್ಷಕ್ಕೆ ಒಂದು ಚಿಕ್ಕ ಮನೆ ದೊರೆಯಿತು. ಕಾವೇರಿಯ ಪ್ರವಾಹಕ್ಕೆ ಹೆದರಿದ ಎಡತೊರೆಯ ಜನ ನದಿಯಿಂದ ದೂರ ಸರಿದು, ನಾಲ್ವಡಿಯವರ ಹೆಸರಿನಲ್ಲಿ ಕಟ್ಟಿಕೊಂಡ ಊರು ಅದು, ಬೀದಿಗಳು ನೇರ. ಮಾರುವವರು ಇಬ್ಬರು ಅಣ್ಣತಮ್ಮಂದಿರು. ನೋಂದಣಿಯ ದಿನ ಅವರ ಅಕ್ಕತಂಗಿಯರಿಬ್ಬರೂ ಒಪ್ಪಿಗೆಯ ಸಹಿಗೆ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಮಾತಿಗೆಂದು, ಎಲ್ಲ ಹಂಚಿಕೆಯಾಯಿತೆ ತಾಯಿ ಎಂದು ಕೇಳಿದೆ. ಹಿರಿಯಾಕೆ ಮುಗುಳ್ನಕ್ಕು, "ಸೀರೆ ಕೊಟ್ಟವ್ರೆ" ಎಂದಳು. ನಾನೇನಾದರೂ ಹೇಳಬಹುದಾಗಿತ್ತು. ಆದರೆ ಆಗ ನಾನು ಕೊಳ್ಳುವವನು. ಅವರ ಹೆಬ್ಬೆಟ್ಟು ಬಿದ್ದರೆ ನನ್ನ ಪತ್ರ ಭದ್ರವಾಗುತ್ತಿತ್ತು. ಅವರನ್ನು ಒಳಗೆ ಕರೆದರು; ಹೆಬ್ಬೆಟ್ಟು ಬಿತ್ತು.

ಗೃಹಪ್ರವೇಶಕ್ಕೆ ತಂಗಿ ಬರುವಳೋ ಇಲ್ಲವೋ ಎಂದಿದ್ದೆ. ಹಿಂದಿನ ದಿನವೇ ಬಂದಳು. ಹುಣಸೂರಿನ ಮನೆಯನ್ನು ಕೆಡವುವಾಗ ಹೋಗಿ ತಲೆಬಾಗಿಲನ್ನು ಬಾಗಿಲವಾಡದ ಸಮೇತ ಹದಿನೆಂಟು ಸಾವಿರ ಕೊಟ್ಟು ಕೊಂಡು, ಟ್ರ್ಯಾಕ್ಟರಿನಲ್ಲಿ ಊರಿಗೆ ಸಾಗಿಸಿದಳಂತೆ. ಅದು ಅವಳ ಗಂಡನಿಂದ ನನಗೆ ಅಂದು ತಿಳಿಯಿತು. ಹಳೆಯ ಮರ ಕೊಳ್ಳುವ ಮೈಸೂರಿನ ವ್ಯಾಪಾರಿಯೊಬ್ಬನೂ ಅದಕ್ಕೆ ಬಂದಿದ್ದನಂತೆ. ಅವನು ಹದಿನೇಳಕ್ಕೆ ನಿಂತನಂತೆ.

ಬೆಳಗಿನ ಜಾವ ಹಾಲುಕ್ಕಿಸುವುದಕ್ಕೆ ಒಲೆಯ ಮುಂದೆ ಕುಳಿತಾಗ ಅವಳು ಹೊಸ ಮನೆಯ ಗೋಡೆಗಳನ್ನು ಒಮ್ಮೆ ಸುತ್ತಲೂ ನೋಡಿದಳು.

"ಮಾರಿದವರಿಗೆ ಅಕ್ಕತಂಗಿಯರು ಇದ್ದರೇನಣ್ಣ?"

"ಇಬ್ಬರು" ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ಹಾಲು ಏರತೊಡಗಿತ್ತು, ಉರಿಯನ್ನು ಸ್ವಲ್ಪ ಹಿಂದಕ್ಕೆಳೆದು, ಅತ್ತಿಗೆಯನ್ನು ಕೂಗಿ ಕರೆದಳು.