ಹಿಮನದಿಗೆ ಹೋಗುವ ಹಡಗು ಯಾವುದು?

ನಾಲ್ಕು ತಲೆಮಾರಿನವರು ಒಟ್ಟಾಗಿ ಪ್ರಯಾಣ ಹೊರಡುವುದೆಂದರೆ ನಾಲ್ಕು ಗಡಿಯಾರಗಳನ್ನು ಒಂದೇ ಗೋಡೆಗೆ ತೂಗುಹಾಕಿದಂತೆ. ಒಂದು ಮುಂದೆ ಓಡುತ್ತದೆ, ಒಂದು ಹಿಂದೆ ಬೀಳುತ್ತದೆ, ಮತ್ತೊಂದು ನಡುನಡುವೆ ನಿಂತೇ ಬಿಡುತ್ತದೆ. 2024ರ ಜೂನ್ ತಿಂಗಳಲ್ಲಿ ನಾವು ಏಳು ಮಂದಿ ಅಲಾಸ್ಕಾದ ಹಿಮನದಿಗಳನ್ನು ನೋಡಲು ಹೊರಟಾಗ ನನಗೆ ಈ ಮಾತು ಚೆನ್ನಾಗಿ ಅರ್ಥವಾಯಿತು. ಎಂಬತ್ನಾಲ್ಕು ವರ್ಷದ ಅಮ್ಮ, ಅರವತ್ತು ದಾಟಿದ ನಾನು ಮತ್ತು ನನ್ನಾಕೆ, ಸಿಯಾಟಲ್ ಸಮೀಪ ನೆಲೆಸಿರುವ ಮಗ ಮತ್ತು ಸೊಸೆ, ಒಂಬತ್ತು ವರ್ಷದ ಮೊಮ್ಮಗ, ನಾಲ್ಕು ವರ್ಷದ ಮೊಮ್ಮಗಳು. ಇದೇ ನಮ್ಮ ತಂಡ.

ಈ ಪ್ರಯಾಣಕ್ಕೆ ಒಂದು ಹಿನ್ನೆಲೆಯಿದೆ. 2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಕೊರೋನಾದ ಆ ದಿನಗಳಲ್ಲಿ ಮಗನಿಗೆ ಊರಿಗೆ ಬರಲಾಗಲಿಲ್ಲ. ಅಜ್ಜನನ್ನು ಮಣ್ಣಿಗೆ ಇಳಿಸುವುದನ್ನು ಅವನು ಫೋನಿನ ಪುಟ್ಟ ಪರದೆಯಲ್ಲಿ ನೋಡಿದ. ಆಮೇಲೆ ರಜೆ ಇದ್ದಾಗ ಟಿಕೆಟ್ ಇಲ್ಲ, ಟಿಕೆಟ್ ಇದ್ದಾಗ ರಜೆ ಇಲ್ಲ ಎಂಬಂತೆ ದಿನಗಳು ಸರಿದವು. 2023ರ ಅಕ್ಟೋಬರಿನ ಒಂದು ರಾತ್ರಿ ಅವನೇ ಫೋನು ಮಾಡಿ, "ಅಪ್ಪಾ, ಬರುವ ಬೇಸಿಗೆಯಲ್ಲಿ ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಎಲ್ಲರೂ ಹಡಗಿನಲ್ಲಿ ಅಲಾಸ್ಕಾಕ್ಕೆ ಹೋಗೋಣ" ಎಂದ. ಅಮ್ಮನ ಪಾಸ್‌ಪೋರ್ಟಿನಲ್ಲಿ 2017ರಲ್ಲಿ ಸಿಕ್ಕಿದ್ದ ಹತ್ತು ವರ್ಷದ ಅಮೆರಿಕಾ ವೀಸಾ ಇನ್ನೂ ಜೀವಂತವಾಗಿತ್ತು.

ಹಡಗು ಎಂದರೆ ಹಡಗು, ಅದರಲ್ಲಿ ಆರಿಸುವುದೇನಿದೆ ಎಂದು ನಾನು ತಿಳಿದಿದ್ದೆ. ಅದು ನನ್ನ ಅಜ್ಞಾನ. ಎಲ್ಲ ಹಡಗುಗಳೂ ಒಂದೇ ಹಿಮನದಿಗೆ ಹೋಗುವುದಿಲ್ಲ. ಗ್ಲೇಸಿಯರ್ ಬೇ ಎಂಬ ರಾಷ್ಟ್ರೀಯ ಉದ್ಯಾನದ ಕೊಲ್ಲಿಯೊಳಗೆ ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ವಿಹಾರ ನೌಕೆಗಳಿಗೆ ಮಾತ್ರ ಪ್ರವೇಶ. ಅದಕ್ಕೆ ಪರವಾನಗಿ ಪಡೆದ ಸಂಸ್ಥೆಗಳು ಕೆಲವೇ. ಹಾಲೆಂಡ್ ಅಮೆರಿಕಾ, ಪ್ರಿನ್ಸೆಸ್, ನಾರ್ವೀಜಿಯನ್ ಮುಂತಾದವು ಆ ಸಾಲಿನಲ್ಲಿವೆ. ಉಳಿದವು ಸುಮಾರು 122 ಕಿಲೋಮೀಟರ್ ಉದ್ದದ ಹಬ್ಬರ್ಡ್ ಹಿಮನದಿಯ ಕಡೆಗೋ, ಬಂಡೆಗಳ ನಡುವಿನ ಕಿರಿದಾದ ಕಡಲ ಕವಲುಗಳ ಕಡೆಗೋ ಹೋಗುತ್ತವೆ. ಅಂಥ ಕವಲುಗಳಲ್ಲಿ ಒಂದಾದ ಟ್ರೇಸಿ ಆರ್ಮ್ ಕೂಡ ಆಗ ನಮ್ಮ ಪಟ್ಟಿಯಲ್ಲಿತ್ತು. 2025ರ ಆಗಸ್ಟ್‌ನಲ್ಲಿ ಅಲ್ಲಿ ಬೆಟ್ಟದ ಪಾರ್ಶ್ವವೇ ಕುಸಿದು ಸುನಾಮಿ ಅಲೆ ಎದ್ದ ಸುದ್ದಿ ಓದಿದಾಗ ಮೈ ಜುಮ್ಮೆಂದಿತು. ಹಿಮದ ನಾಡು ಮನುಷ್ಯರ ವೇಳಾಪಟ್ಟಿಗೆ ಕಟ್ಟುಬಿದ್ದುದಲ್ಲ.

ಸರಿ, ಚರ್ಚೆ ಆರಂಭವಾಯಿತು. ಪ್ರತಿ ಶನಿವಾರ ರಾತ್ರಿ ನಮ್ಮ ಉಡುಪಿಯ ಮನೆಯ ಊಟದ ಮೇಜಿನ ಮೇಲೆ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು ಮಾತಾಡುತ್ತಿದ್ದೆವು. ಮಗನಿಗೆ ನೂರು ಮಂದಿಯಷ್ಟೇ ಹಿಡಿಸುವ ಪುಟ್ಟ ಹಡಗು ಬೇಕಿತ್ತು. ಅದು ದೊಡ್ಡ ಹಡಗುಗಳು ಹೋಗಲಾರದ ಸಂದುಗಳಿಗೂ ಹೋಗುತ್ತದೆ, "ಅಜ್ಜಿಗೆ ಜನಜಂಗುಳಿಯ ಕಾಟವಿರುವುದಿಲ್ಲ" ಎಂದ. ಸೊಸೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಮಹಾನೌಕೆಯ ಮೇಲೆ ಮನಸ್ಸು. ಅಲ್ಲಿ ಮಕ್ಕಳಿಗೆ ಆಟದ ಕೋಣೆ, ಈಜುಕೊಳ ಎಲ್ಲವೂ ಇವೆ. "ಮಕ್ಕಳು ಅಲ್ಲಿದ್ದರೆ ಅಜ್ಜಿಗೆ ವಿಶ್ರಾಂತಿ ಸಿಗುತ್ತದೆ" ಎಂದಳು. ನನ್ನಾಕೆಗೆ ಗ್ಲೇಸಿಯರ್ ಬೇ ಬಿಟ್ಟು ಬೇರೇನೂ ಬೇಡ. "ಅತ್ತೆ ಅಷ್ಟು ದೂರ ಬಂದು ಅದನ್ನೇ ನೋಡದಿದ್ದರೆ ಹೇಗೆ?" ನಾನೋ ನಿವೃತ್ತ ಮೇಷ್ಟ್ರು, ಕಿಟಕಿಯಿಲ್ಲದ ಅಗ್ಗದ ಕೋಣೆಯ ಪರವಾಗಿ ವಾದಿಸಿದೆ. "ಅಮ್ಮನಿಗೆ ಚಳಿ ಆಗುವುದಿಲ್ಲ" ಎಂದೆ.

ಪ್ರಿಯ ಓದುಗರೇ, ಗಮನಿಸಿದಿರಾ? ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಅಮ್ಮನ ಹೆಸರಿನಲ್ಲಿ ಕೇಳುತ್ತಿದ್ದೆವು. ಅಮ್ಮ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಆದುದರಿಂದ ಅವರಿಗೆ ಕೇಳಿಸುವುದಿಲ್ಲವೆಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಎಲ್ಲಿಂದ ಹೊರಡುವುದು ಎಂಬ ಪ್ರಶ್ನೆಯೂ ಇತ್ತು. ಸಿಯಾಟಲ್‌ನಿಂದ ಹೊರಟರೆ ಮಗನ ಮನೆಯಿಂದ ಹತ್ತಿರ. ಕೆನಡಾದ ವೀಸಾ ಬೇಡವೆಂದು ನಾನು ಹಿಗ್ಗಿದ್ದೆ. ವಿಚಾರಿಸಿದಾಗ ಅದೂ ಸುಳ್ಳಾಯಿತು. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕಾದ ಬಂದರಿನಿಂದ ಹೊರಟು ಅಮೆರಿಕಾದ ಬಂದರುಗಳನ್ನಷ್ಟೇ ಸುತ್ತಿಬರುವಂತಿಲ್ಲ, ನಡುವೆ ಒಂದಾದರೂ ಪರದೇಶದ ಬಂದರನ್ನು ಮುಟ್ಟಬೇಕು ಎಂಬ 1886ರ ಕಾನೂನು ಇಂದಿಗೂ ಜಾರಿಯಲ್ಲಿದೆ. ಆದ್ದರಿಂದ ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಹಿಡಿದ ನಮಗೆ ಎಲ್ಲಿಂದ ಹೊರಟರೂ ಕೆನಡಾ ವೀಸಾ ಬೇಕೇ ಬೇಕು. ಹಾಗಿದ್ದ ಮೇಲೆ ಕೆನಡಾದ ವ್ಯಾಂಕೂವರಿನಿಂದಲೇ ಏಕೆ ಹೊರಡಬಾರದು? ಅಲ್ಲಿಂದ ಹೊರಟ ಹಡಗು ದ್ವೀಪಗಳ ಮರೆಯಲ್ಲಿ, ಬಹುತೇಕ ಶಾಂತವಾದ ಒಳಜಲಮಾರ್ಗದಲ್ಲಿ ಸಾಗುತ್ತದೆ. ಸಿಯಾಟಲ್‌ನ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ ತೆರೆದ ಸಾಗರದಲ್ಲಿ ಹೋಗುತ್ತವೆ. ಅಲ್ಲಿ ಅಲೆಗಳ ಹೊಯ್ದಾಟ ಹೆಚ್ಚು.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ವೀಸಾ, ವಿಮೆ, ಗಾಲಿಕುರ್ಚಿ, ಔಷಧಗಳ ಪಟ್ಟಿ ಎಂದು ಕಾಗದಪತ್ರ ಬೆಳೆಯುತ್ತಾ ಹೋದಂತೆ ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಮೊಳೆಯಿತು. ಅಮ್ಮನನ್ನು ಮೈಸೂರಿನ ತಂಗಿಯ ಮನೆಯಲ್ಲಿ ಬಿಟ್ಟು ಹೋದರೆ ಹೇಗೆ? ತಂಗಿಗೆ ಗುಟ್ಟಾಗಿ ಫೋನು ಮಾಡಿ ಕೇಳಿಯೂ ಬಿಟ್ಟೆ. "ಅಮ್ಮನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ" ಎಂದೆ. ಒಳ್ಳೆಯದು ಯಾರದ್ದು? ಹಡಗಿನಲ್ಲಿ ವೈದ್ಯರಿದ್ದರೂ ದೊಡ್ಡ ಆಸ್ಪತ್ರೆ ದೂರ ಎಂಬ ಭಯ ನನ್ನದು. ನಡುರಾತ್ರಿ ಎದ್ದು ಬಚ್ಚಲಿಗೆ ಕರೆದೊಯ್ಯುವ ದಣಿವು ನನ್ನದು. ಆ ಭಯಕ್ಕೂ ದಣಿವಿಗೂ ನಾನು ಪ್ರೀತಿಯ ಅಂಗಿ ತೊಡಿಸಿದ್ದೆ.

ಕೆನಡಾ ವೀಸಾಕ್ಕೆ ಬೆರಳಚ್ಚು ಕೊಡಲು ಹೋಗಬೇಕಾಗಿತ್ತು. ಎಪ್ಪತ್ತೊಂಬತ್ತು ದಾಟಿದವರು ಕೊಡಬೇಕಾಗಿಲ್ಲ ಎಂಬ ನಿಯಮವನ್ನು ಓದಿ, ಸಂತೋಷದ ಸುದ್ದಿಯೆಂಬಂತೆ ಅಮ್ಮನಿಗೆ ಗಟ್ಟಿಯಾಗಿ ಹೇಳಿದೆ. ಅವರು ತಮ್ಮ ಕೈಬೆರಳುಗಳನ್ನು ಒಮ್ಮೆ ನೋಡಿಕೊಂಡು, "ಇವು ಅವರಿಗೂ ಬೇಡವಾದವೇ?" ಎಂದು ನಕ್ಕರು. ನಗುತ್ತಲೇ, "ಮೈಸೂರಿಗೆ ಹೋಗುವುದಾದರೆ ಬೆರಳೂ ಬೇಡ, ಕಾಗದವೂ ಬೇಡ ಅಲ್ಲವೇ ಮಗಾ?" ಎಂದು ಸೇರಿಸಿದರು.

ಅವರಿಗೆ ಎಲ್ಲವೂ ಕೇಳಿಸಿತ್ತು.

ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿನ ಬಳಿಕ, ಮೂರು ತಿಂಗಳ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಅಮ್ಮಾ, ನಿಮಗೆ ಎಂಥ ಹಡಗು ಬೇಕು?"

ಅವರು ಯೋಚಿಸಲೂ ಇಲ್ಲ. "ಹಡಗು ಯಾವುದಾದರೇನು? ರಾತ್ರಿಯ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಸಿಗುತ್ತೀರಾ, ಅದನ್ನು ಕೇಳು."

ಅಪ್ಪ ಇದ್ದಷ್ಟು ಕಾಲ ನಮ್ಮ ಮನೆಯಲ್ಲಿ ರಾತ್ರಿ ಏಳೂವರೆಗೆ ಎಲ್ಲರೂ ಊಟದ ಮೇಜಿಗೆ ಬರಲೇಬೇಕಿತ್ತು. ಜಗಳವಾಡಿದ್ದರೂ, ಪರೀಕ್ಷೆ ಇದ್ದರೂ, ಜ್ವರ ಬಂದಿದ್ದರೂ ಬಂದು ಕೂರಬೇಕು. ಅವರು ಹೋದ ಮೇಲೆ ಆ ನಿಯಮ ಯಾರೂ ಮುರಿಯದೆ ತಾನಾಗಿ ಮುರಿದಿತ್ತು. ನಾನು ಟಿ.ವಿ. ವಾರ್ತೆ ಮುಗಿಸಿ ಒಂಬತ್ತಕ್ಕೆ ಉಣ್ಣುತ್ತೇನೆ. ನನ್ನಾಕೆಗೆ ರಾತ್ರಿ ಊಟವೇ ಬೇಡ. ಏಳೂವರೆಗೆ ಅಮ್ಮ ಒಬ್ಬರೇ ಉಣ್ಣುತ್ತಿದ್ದರು. ಶನಿವಾರ ಮಾತ್ರ ಫೋನಿನ ನೆವದಲ್ಲಿ ನಾವು ಆ ಮೇಜಿನ ಸುತ್ತ ಕೂರುತ್ತಿದ್ದೆವು, ಆಗಲೂ ಅವರತ್ತ ಮುಖ ಮಾಡದೆ.

ಅಮ್ಮನ ಆ ಒಂದು ಅಳತೆಗೋಲನ್ನು ಹಿಡಿದು ನೋಡಿದಾಗ ಗೋಜಲೆಲ್ಲ ಬಿಡಿಸಿಕೊಂಡಿತು. ಕೆಲವು ಹಡಗುಗಳಲ್ಲಿ ಯಾರು ಯಾವಾಗ ಎಲ್ಲಿ ಬೇಕಾದರೂ ಉಣ್ಣಬಹುದು; ಅದನ್ನೇ ದೊಡ್ಡ ಸ್ವಾತಂತ್ರ್ಯವೆಂದು ಸಾರುತ್ತಾರೆ. ಇನ್ನು ಕೆಲವು, ಬೇಕೆಂದವರಿಗೆ ಪ್ರತಿ ರಾತ್ರಿ ಅದೇ ಹೊತ್ತು, ಅದೇ ಮೇಜು, ಬಡಿಸಲು ಅದೇ ಮನುಷ್ಯ ಎಂಬ ಹಳೆಯ ಕ್ರಮವನ್ನು ಉಳಿಸಿಕೊಂಡಿವೆ. 1873ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ಹಾಲೆಂಡ್ ಅಮೆರಿಕಾ ಸಂಸ್ಥೆಯಲ್ಲಿ ಆ ಕ್ರಮವಿತ್ತು. ಅದಕ್ಕೆ ಗ್ಲೇಸಿಯರ್ ಬೇಯ ಪರವಾನಗಿಯೂ ಇತ್ತು, ವ್ಯಾಂಕೂವರಿನಿಂದ ಏಳು ರಾತ್ರಿಯ ಯಾನವೂ ಇತ್ತು. ಹಡಗು ತೀರಾ ದೊಡ್ಡದೂ ಅಲ್ಲ, ತೀರಾ ಸಣ್ಣದೂ ಅಲ್ಲ. ಮಕ್ಕಳಿಗೊಂದು ಆಟದ ಕೋಣೆಯೂ ಇತ್ತು. ಮಗನ ಮನಸ್ಸಿನ ಪುಟ್ಟ ಹಡಗುಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲವೆಂದು ತಿಳಿದಾಗ ಅವನೇ ಹಿಂದೆ ಸರಿದ.

ಕೋಣೆಯನ್ನು ಕೂಡ ಅಮ್ಮನ ನಡಿಗೆಯಿಂದಲೇ ಅಳೆದೆವು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಸಾಮಾನ್ಯ ಕೋಣೆಗಳ ಬಚ್ಚಲಿಗೆ ಎಡವುವಷ್ಟು ಎತ್ತರದ ಹೊಸ್ತಿಲಿರುತ್ತದೆ. ಹೊಸ್ತಿಲಿಲ್ಲದ, ಗಾಲಿಕುರ್ಚಿ ಒಳಹೋಗುವ ಕೋಣೆಗಳು ಬೆರಳೆಣಿಕೆಯಷ್ಟು, ಬೇಗ ಮುಗಿದುಹೋಗುತ್ತವೆ. ಹಿರಿಯರನ್ನು ಕರೆದೊಯ್ಯುವವರು ಟಿಕೆಟಿನ ಬೆಲೆಗಿಂತ ಮೊದಲು ಈ ಹೊಸ್ತಿಲನ್ನು ವಿಚಾರಿಸುವುದು ಒಳ್ಳೆಯದು. ಬಂದರಿನಲ್ಲಿ ಹಡಗು ನೇರವಾಗಿ ಧಕ್ಕೆಗೆ ತಾಗುತ್ತದೆಯೋ, ದೂರ ನಿಂತು ದೋಣಿಗಳಲ್ಲಿ ಇಳಿಸುತ್ತದೆಯೋ ಎಂಬುದನ್ನೂ ಕೇಳಬೇಕು. ಕುಲುಕುವ ದೋಣಿಗೆ ಗಾಲಿಕುರ್ಚಿಯನ್ನು ಇಳಿಸುವುದು ಸುಲಭವಲ್ಲ.

ಹಡಗು ಹೊರಟ ಐದನೆಯ ದಿನ ಬೆಳಿಗ್ಗೆ ಗ್ಲೇಸಿಯರ್ ಬೇಯೊಳಗೆ ಪ್ರವೇಶಿಸಿದೆವು. ಅಲ್ಲಿ ಯಾರೂ ದಡಕ್ಕೆ ಇಳಿಯುವುದಿಲ್ಲ. ಉದ್ಯಾನದ ಅಧಿಕಾರಿಗಳೇ ಹಡಗನ್ನೇರಿ ವಿವರಿಸುತ್ತಾರೆ. 1794ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ನಾವಿಕನ ತಂಡ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ. ಮಂಜುಗಡ್ಡೆಯ ಮಹಾಗೋಡೆಯಲ್ಲಿ ಒಂದು ಸಣ್ಣ ತಗ್ಗಿತ್ತು ಅಷ್ಟೆ. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ ಹತ್ತಾರು ಕಿಲೋಮೀಟರ್ ಹಿಂದಕ್ಕೆ ಸರಿದಿತ್ತು. 1916ರ ಹೊತ್ತಿಗೆ ಕೊಲ್ಲಿಯ ಬಾಯಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಹೋಗಿತ್ತು. ಅದಕ್ಕೂ ಮೊದಲು, ಹದಿನೆಂಟನೆಯ ಶತಮಾನದಲ್ಲಿ ಇದೇ ಹಿಮ ಮುನ್ನುಗ್ಗಿ ಬಂದು ಇಲ್ಲಿ ವಾಸವಾಗಿದ್ದ ಹೂನಾ ಟ್ಲಿಂಗಿಟ್ ಜನರನ್ನು ಮನೆ ಬಿಡಿಸಿತ್ತು. 2016ರಲ್ಲಿ ಅವರ ಕುಲದ ಮನೆಯೊಂದು ಮತ್ತೆ ಈ ಕೊಲ್ಲಿಯ ದಡದಲ್ಲಿ ಎದ್ದು ನಿಂತಿತು. ಆ ಮಾತನ್ನು ಅಮ್ಮನ ಕಿವಿಯ ಹತ್ತಿರ ಹೇಳಿದಾಗ ಅವರು, "ಎಷ್ಟು ವರ್ಷ ಕಾದರು!" ಎಂದರು.

ಮಾರ್ಜೆರಿ ಹಿಮನದಿಯ ಎದುರು ಹಡಗು ನಿಂತಿತು. ಸುಮಾರು 34 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಅಗಲ. ನೀರಿನಿಂದ ಎದ್ದ ನೀಲಿ ಗೋಡೆ. ಶತಮಾನಗಳ ಹಿಮ ಒತ್ತಿ ಒತ್ತಿ ಗಟ್ಟಿಯಾದಾಗ ಅದು ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಮಾತ್ರ ಹೊರಗೆ ಬಿಡುತ್ತದಂತೆ. ಹಡಗು ನಿಧಾನವಾಗಿ ಸುತ್ತು ತಿರುಗಿತು. ಎರಡೂ ಬದಿಯ ಕೋಣೆಯವರಿಗೂ ದರ್ಶನ. ಅಮ್ಮ ಕಂಬಳಿ ಹೊದ್ದು ನಮ್ಮ ಕೋಣೆಯ ಮೊಗಸಾಲೆಯಲ್ಲಿ ಕುಳಿತಿದ್ದರು, ಮಡಿಲಲ್ಲಿ ಮೊಮ್ಮಗಳು. ಒಮ್ಮೆಲೇ ಗೋಡೆಯ ಒಂದು ತುಂಡು ಕಳಚಿ ಸದ್ದಿಲ್ಲದೆ ಜಾರಿತು. ನೀರು ಚಿಮ್ಮಿತು. ಆಮೇಲೆ, ಎಷ್ಟೋ ಕ್ಷಣಗಳ ಬಳಿಕ, ಗುಡುಗು ಬಂತು.

"ಮುತ್ತಜ್ಜೀ, ಕೇಳಿಸಿತಾ?" ಎಂದು ಮಗು ಕೂಗಿತು.

"ಕೇಳಿಸಲಿಲ್ಲ ಪುಟ್ಟೀ, ಎದೆಗೆ ತಾಗಿತು" ಎಂದರು ಅಮ್ಮ.

ಆ ರಾತ್ರಿಯೂ ಎಲ್ಲ ರಾತ್ರಿಗಳಂತೆ ಏಳೂವರೆಗೆ ನಮ್ಮ ಮೇಜಿಗೆ ಹೋದೆವು. ಅದು ಎಂಟು ಮಂದಿಯ ಮೇಜು, ನಾವು ಏಳು. ಮೊದಲ ದಿನ ಬಡಿಸುವ ಹುಡುಗ ಎಂಟನೆಯ ಕುರ್ಚಿಯನ್ನು ತೆಗೆಯಲು ಬಂದಾಗ ಅಮ್ಮ ಕೈಯಾಡಿಸಿ "ಇರಲಿ" ಎಂದಿದ್ದರು. ಕನ್ನಡ ತಿಳಿಯದ ಅವನಿಗೆ ಅರ್ಥವಾಗಿತ್ತು. ಅಂದಿನಿಂದ ಆ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. ಅಂದು ಊಟದ ನಡುವೆ ಮಗ ಮೊದಲ ಬಾರಿಗೆ, "ಅಜ್ಜನ ಕೊನೆಯ ದಿನ ಹೇಗಿತ್ತು?" ಎಂದು ಕೇಳಿದ. ಮೂರು ವರ್ಷ ಫೋನಿನಲ್ಲಿ ಅವನು ಕೇಳಿರಲಿಲ್ಲ, ನಾವು ಹೇಳಿರಲಿಲ್ಲ. ಅಮ್ಮನೇ ಹೇಳತೊಡಗಿದರು. ಹೊರಗೆ ಹತ್ತು ಗಂಟೆಯಾದರೂ ಬೆಳಕು ಆರಿರಲಿಲ್ಲ. ಮಗ ಕಣ್ಣೊರೆಸಿಕೊಳ್ಳುತ್ತಾ ಕೇಳುತ್ತಿದ್ದ.

ಊರಿಗೆ ಮರಳಿದ ಮೇಲೆ ಕೆಲವರು ಯಾವ ಸಂಸ್ಥೆಯ ಹಡಗು ಒಳ್ಳೆಯದೆಂದು ನನ್ನನ್ನು ಕೇಳುತ್ತಾರೆ. ಪರವಾನಗಿ, ಬಂದರು, ಹೊಸ್ತಿಲು, ವಿಮೆ ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ. ಕೊನೆಗೆ, "ನಿಮ್ಮ ಮನೆಯ ಹಿರಿಯರನ್ನು ಕೇಳಿದಿರಾ?" ಎನ್ನುತ್ತೇನೆ. ಹೆಚ್ಚಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಅವರನ್ನು ದೂಷಿಸುವ ಅರ್ಹತೆ ನನಗಿಲ್ಲ.

ಈಗ ನಮ್ಮ ಮನೆಯಲ್ಲಿ ರಾತ್ರಿಯ ಊಟ ಏಳೂವರೆಗೆ. ವಾರ್ತೆಯನ್ನು ಆಮೇಲೆ ನೋಡಿದರೂ ಲೋಕ ಮುಳುಗುವುದಿಲ್ಲವೆಂದು ಗೊತ್ತಾಗಿದೆ. ನನ್ನಾಕೆ ಹಸಿವಿಲ್ಲದಿದ್ದರೂ ಒಂದು ಲೋಟ ಮಜ್ಜಿಗೆ ಹಿಡಿದು ಬಂದು ಕೂರುತ್ತಾಳೆ. ಇದಕ್ಕಾಗಿ ಅಲಾಸ್ಕಾದವರೆಗೆ ಹೋಗಬೇಕಾಗಿತ್ತೇ ಎಂದು ನೀವು ಕೇಳಬಹುದು. ನಾನೂ ಅಮ್ಮನನ್ನು ಹಾಗೆಯೇ ಕೇಳಿದೆ. ಅವರು ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ, "ನಿನಗೆ ಬೇಕಾಗಿತ್ತು, ನನಗಲ್ಲ" ಎಂದರು.