ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ವಾರವಾಗಿತ್ತು. ಕಡೂರಿನಿಂದ ತರೀಕೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಪ್ಪ, ಪಕ್ಕದಲ್ಲಿ ಮೀಸೆ ಆಗಷ್ಟೇ ಚಿಗುರುತ್ತಿದ್ದ ಮಗ. ಬೀರೂರಿನಲ್ಲಿ ಹತ್ತಿದ ಪರಿಚಯದವರೊಬ್ಬರು ಕಂಬಿ ಹಿಡಿದು ನಿಂತು ಮಾತು ತೆಗೆದರು.

"ಮಗನ್ನ ಮುಂದೆ ಏನಕ್ಕೆ ಹಾಕ್ತೀಯಪ್ಪ?"

"ಸೈನ್ಸೇ ಕಣಣ್ಣ. ದಾವಣಗೆರೆಲಿ ಹಾಸ್ಟೆಲ್ ನೋಡಿದೀವಿ."

"ಅವನೇನಂತಾನೆ?"

"ಅವನ್ದೇನ್ ಬಿಡಣ್ಣ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಸುತ್ತ ಕೂತವರು ನಕ್ಕರು. ಹುಡುಗನೂ ನಕ್ಕ, ಆದರೆ ಸ್ವಲ್ಪ ತಡವಾಗಿ. ನಕ್ಕವನು ಕಿಟಕಿಯ ಕಡೆ ತಿರುಗಿದ. ತರೀಕೆರೆ ಬರುವವರೆಗೂ ಇತ್ತ ತಿರುಗಲಿಲ್ಲ.

ಅಪ್ಪ ಕೆಟ್ಟವರಲ್ಲ. ಮಗನ ಫೈಲನ್ನು ಬೆವರು ತಾಗದ ಹಾಗೆ ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಅದು ನನಗೆ ಗೊತ್ತಿರುವ ಮಾತು. ನಾನು ಅದನ್ನು ಮೊದಲು ಕೇಳಿದಾಗ ಅದರಲ್ಲಿ ಇಷ್ಟೂ ನೋವಿರಲಿಲ್ಲ. ಕನ್ನಡದಲ್ಲಿ ಅದಕ್ಕಿಂತ ಅಂತಃಕರಣದ ಮಾತು ಇನ್ನೊಂದಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ.

ನಾನು ಬೆಳೆದದ್ದು ಅಜ್ಜಂಪುರದಲ್ಲಿ. ಈಗ ಅದು ತಾಲ್ಲೂಕು ಕೇಂದ್ರ, ಆಗ ತರೀಕೆರೆ ತಾಲ್ಲೂಕಿಗೆ ಸೇರಿದ ಒಂದು ಹೋಬಳಿ. ನಮ್ಮದು ಎರೆ ಭೂಮಿ, ಈರುಳ್ಳಿಗೆ ಹೆಸರಾದ ನೆಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದ ಆ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕೆಂದರೆ ಕೈ ಹಾಕಿದರೆ ಮೊಣಕೈವರೆಗೆ ಇಳಿಯುವಂಥದ್ದು. ಅಂಥ ಹೊಲದ ಅಂಚಿನಲ್ಲಿ, ಬೇಸಿಗೆ ರಜೆಯಲ್ಲಿ, ನಮ್ಮ ಗೋಲಿಯಾಟ.

ಬಿರುಕಿನ ನೆಲದಲ್ಲಿ ಗೋಲಿಯಾಡುವವರಿಗೆ ಬೇರೆ ಊರಿನವರಿಗಿಲ್ಲದ ಒಂದು ಕಟ್ಟಳೆ ಬೇಕಾಗುತ್ತದೆ. ಬಿರುಕಿಗೆ ಬಿದ್ದ ಗೋಲಿ ಯಾರದು? ನಮ್ಮ ಕಟ್ಟಳೆ ಸ್ಪಷ್ಟವಾಗಿತ್ತು: ಬಿದ್ದದ್ದು ಭೂಮಿತಾಯಿಗೆ. ಕೈ ಹಾಕುವಂತಿಲ್ಲ. ಹಾವು, ಚೇಳು ಇರುತ್ತವೆ ಎಂದು ಯಾವುದೋ ಕಾಲದಲ್ಲಿ ಯಾರೋ ದೊಡ್ಡವರು ಹೆದರಿಸಿದ್ದು ನಮ್ಮ ಕಾಲಕ್ಕೆ ಆಟದ ಕಾನೂನಾಗಿ ನಿಂತಿತ್ತು.

ಪಕ್ಕದ ಮನೆಯ ಪುಟ್ಟನಿಗೆ ಐದು ವರ್ಷ. ಅವನನ್ನು ಬಿಟ್ಟು ಆಡಿದರೆ ಅಳುತ್ತಿದ್ದ, ಸೇರಿಸಿಕೊಂಡರೆ ಮೊದಲ ಏಟಿಗೇ ಸೋಲುತ್ತಿದ್ದ. ಅದಕ್ಕೇ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೋಲಿ ಹೊಡೆಯಬಹುದು, ಗುರಿ ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದು. ಸೋತವರು ಮುಷ್ಟಿ ಕಟ್ಟಿ ಗೆಣ್ಣು ನೆಲಕ್ಕೂರಿ ಗೋಲಿಯ ಏಟು ತಿನ್ನುವಾಗ ಅವನಿಗೆ ಆ ಶಿಕ್ಷೆ ಇಲ್ಲ. ಅವನಲ್ಲಿದ್ದದ್ದು ಒಂದೇ ಗೋಲಿ, ಒಡೆದ ಸೋಡಾ ಬಾಟಲಿಯಿಂದ ಸಿಕ್ಕ ಹಸಿರು ಛಾಯೆಯದ್ದು. ಒಂದು ಮಧ್ಯಾಹ್ನ ಅದು ಉರುಳುತ್ತಾ ಹೋಗಿ ಬಿರುಕಿಗೆ ಬಿತ್ತು. ಟಕ್ ಎಂದು ಒಳಗೆಲ್ಲೋ ಸದ್ದಾಯಿತು, ಅಷ್ಟೇ.

ಪುಟ್ಟ ಅಳಲಿಲ್ಲ. ಬಿರುಕಿನ ಪಕ್ಕ ಹೊಟ್ಟೆ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ, ಒಳಗೆ ನೋಡುತ್ತಾ ಉಳಿದುಬಿಟ್ಟ.

ನಮ್ಮಲ್ಲಿ ದೊಡ್ಡವನಿಗೆ ಹನ್ನೊಂದು ವರ್ಷ. ಅವನು ಚಡ್ಡಿ ಜೇಬಿನಿಂದ ತನ್ನದೊಂದು ಗೋಲಿ ತೆಗೆದು ಪುಟ್ಟನ ಕೈಗಿಟ್ಟ. "ಅವನೇ ಲೆಕ್ಕಕ್ಕಿಲ್ಲ ಅಂದಮೇಲೆ ಅವನ ಗೋಲಿ ಹೋಗಿದ್ದೂ ಲೆಕ್ಕಕ್ಕಿಲ್ಲ ಕಣ್ರೋ" ಅಂದ.

ನನಗಾಗ ಏಳು. ಮೈಯೆಲ್ಲ ಉರಿಯಿತು. ಅದೇ ವಾರ ನನ್ನ ಎರಡು ಗೋಲಿ ಭೂಮಿತಾಯಿಯ ಪಾಲಾಗಿದ್ದವು, ಆಗ ಯಾರೂ ಜೇಬಿಗೆ ಕೈ ಹಾಕಿರಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ, ಎಲ್ಲರಿಗೂ ಒಂದೇ ಎಂದು ಕೂಗಾಡಿದೆ. ಯಾರೂ ಕೇಳದಿದ್ದಾಗ ಅಜ್ಜಿಯ ಹತ್ತಿರ ಓಡಿದೆ. ಅಜ್ಜಿ ಮೊರದಲ್ಲಿದ್ದ ಅವರೆಕಾಳಿನಿಂದ ತಲೆ ಎತ್ತಲಿಲ್ಲ. "ಕಟ್ಟಳೆ ಮಾಡ್ದೋರು ನೀವು. ಬಗೆಹರಿಸ್ಕೊಳ್ಳೋರೂ ನೀವೇ. ಹೋಗು" ಅಂದರು.

ಎಷ್ಟೋ ವರ್ಷ ಕಳೆದ ಮೇಲೆ ನನಗೆ ಗೊತ್ತಾಯಿತು, ನಾವು ಅಜ್ಜಂಪುರದಲ್ಲಿ ಗೋಲಿಯಾಡುವುದಕ್ಕೆ ಎಷ್ಟೋ ಮುಂಚೆಯೇ ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ದೊಡ್ಡ ವಿದ್ವಾಂಸ ಇದೇ ಗೋಲಿಯ ಮುಂದೆ ಮಂಡಿಯೂರಿ ಕೂತಿದ್ದ. ಅವನ ಹೆಸರು ಜೀನ್ ಪಿಯಾಜೆ. ಮಕ್ಕಳಲ್ಲಿ ನೀತಿಯ ಅರಿವು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಅವನು ಪ್ರಾರ್ಥನಾ ಮಂದಿರಕ್ಕೆ ಹೋಗಲಿಲ್ಲ, ಮೇಷ್ಟರನ್ನು ಕೇಳಲಿಲ್ಲ. ಜಿನೀವಾ ಮತ್ತು ನೂಶಾಟೆಲ್‌ನ ಹುಡುಗರ ಬಳಿ ಹೋಗಿ, "ಗೋಲಿ ಆಡೋದು ಹೇಗೆ, ನನಗೂ ಹೇಳಿಕೊಡಿ" ಎಂದು ಕೇಳಿದ. ಹೇಳಿಕೊಟ್ಟ ಮೇಲೆ ಕೇಳಿದ: ಈ ಕಟ್ಟಳೆ ಎಲ್ಲಿಂದ ಬಂತು? ಇದನ್ನು ಬದಲಾಯಿಸಬಹುದೆ? 1932ರಲ್ಲಿ ಬಂದ ಅವನ ಪುಸ್ತಕ ಆ ಮಾತುಕತೆಯಿಂದಲೇ ಶುರುವಾಗುತ್ತದೆ. ಚಿಕ್ಕವರು ಹೇಳಿದ್ದು: ಕಟ್ಟಳೆ ದೊಡ್ಡವರಿಂದ, ದೇವರಿಂದ ಬಂದದ್ದು, ಮುಟ್ಟಬಾರದು. ಹಾಗೆ ಹೇಳುವ ಅವರೇ ಆಡುವಾಗ ಕಟ್ಟಳೆಯನ್ನು ಮನಬಂದಂತೆ ಮುರಿಯುತ್ತಿದ್ದರು. ಹತ್ತು ಹನ್ನೊಂದು ದಾಟಿದವರು ಹೇಳಿದ್ದು: ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು. ಅವರೇ ಕಟ್ಟಳೆಯನ್ನು ನಿಷ್ಠೆಯಿಂದ ಪಾಲಿಸುತ್ತಿದ್ದವರು.

ಓದುತ್ತಾ ನನಗೆ ಆ ಮಧ್ಯಾಹ್ನವೇ ಕಣ್ಣ ಮುಂದೆ ಬಂತು. ಏಳು ವರ್ಷದ ನಾನು, ಹನ್ನೊಂದರ ಅವನು. ಕಟ್ಟಳೆ ಮೇಲಿಂದ ಇಳಿದು ಬಂದದ್ದು ಎಂದುಕೊಂಡವನಿಗೆ ಅದು ಕಲ್ಲು. ನಾಲ್ಕು ಜನ ಕೂತು ಮಾಡಿಕೊಂಡದ್ದು ಎಂದು ತಿಳಿದವನಿಗೆ ಅದು ತನ್ನ ಜವಾಬ್ದಾರಿ. ಪಿಯಾಜೆ ಹೇಳಿದ ಇನ್ನೊಂದು ಮಾತೂ ಇದೆ. ಮಕ್ಕಳು ನ್ಯಾಯ ಕಲಿಯುವುದು ದೊಡ್ಡವರಿಗೆ ವಿಧೇಯರಾಗಿ ಅಲ್ಲ, ತಮ್ಮ ಸಮಾನರ ಜೊತೆ ಜಗಳವಾಡಿ, ಮತ್ತೆ ಒಂದಾಗಿ. ನನ್ನ ಅಜ್ಜಿ ಪಿಯಾಜೆಯನ್ನು ಓದಿರಲಿಲ್ಲ. ಅವರೆಕಾಳಿನಿಂದ ತಲೆ ಎತ್ತದೆ ಇರುವುದು ಹೇಗೆಂದು ಮಾತ್ರ ಅವರಿಗೆ ಗೊತ್ತಿತ್ತು. ಮಕ್ಕಳ ಜಗಳಕ್ಕೆ ಓಡಿ ಬರುವ ಇಂದಿನ ಅಪ್ಪ ಅಮ್ಮಂದಿರಿಗೆ, ಶಿಬಿರ, ಸೀಟಿ, ಕೋಚ್ ಇಲ್ಲದೆ ಆಟವೇ ಇಲ್ಲ ಅಂದುಕೊಂಡವರಿಗೆ, ನಾನು ಆ ಮೊರವನ್ನು ತೋರಿಸಬೇಕೆನ್ನುತ್ತೇನೆ.

ಆದರೆ ಪಿಯಾಜೆಗೂ ಒಂದು ಕಡೆ ಎಡವಟ್ಟಾಯಿತು. ಹುಡುಗಿಯರ ಆಟ ನೋಡಿ, ಇವರಿಗೆ ಕಟ್ಟಳೆಯ ಪ್ರಜ್ಞೆ ಹುಡುಗರಷ್ಟು ಬೆಳೆದಿಲ್ಲ ಎಂದುಬಿಟ್ಟ. ನನ್ನ ಅಕ್ಕ ಮತ್ತವಳ ಗೆಳತಿಯರು ಕುಂಟೆಬಿಲ್ಲೆ ಆಡುವುದನ್ನು ನೋಡಿದ್ದವನು ನಾನು. ಗೆರೆ ತುಳಿದಳು, ಇಲ್ಲ ಎಂದು ಮಾತು ಬೆಳೆದರೆ ನಾವು ಹುಡುಗರಾಗಿದ್ದರೆ ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಅವರು ಬಿಲ್ಲೆಯನ್ನೇ ಎತ್ತಿಟ್ಟು, ಹುಣಸೆಹಣ್ಣಿಗೆ ಉಪ್ಪು ಹಚ್ಚಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಕಟ್ಟಳೆ ಗೊತ್ತಿಲ್ಲದೆ ಅಲ್ಲ, ಆಟಕ್ಕಿಂತ ಗೆಳತಿ ದೊಡ್ಡವಳು ಎಂದು. 1982ರಲ್ಲಿ ಅಮೆರಿಕದ ಕ್ಯಾರಲ್ ಗಿಲಿಗನ್ ಇದನ್ನೇ ಎತ್ತಿ ಹೇಳಿದರು: ನ್ಯಾಯವನ್ನು ತೂಗುವುದು ನೀತಿಯಾದರೆ, ಸಂಬಂಧವನ್ನು ಕಾಯುವುದೂ ನೀತಿಯೇ. ಒಂದು ಇನ್ನೊಂದಕ್ಕಿಂತ ಕೆಳಗಿನ ಮೆಟ್ಟಿಲಲ್ಲ.

ಒಂದು ಕಡೆ ಕಟ್ಟಳೆ, ಇನ್ನೊಂದು ಕಡೆ ಕರುಣೆ. ಎರಡನ್ನೂ ಹೇಗೆ ಹೊಂದಿಸುವುದು ಎಂದು ವಿದ್ವಾಂಸರು ಇಷ್ಟು ವರ್ಷ ವಾದಿಸಿದರು. ನಮ್ಮ ಬೀದಿಯ ಮಕ್ಕಳು ಅದನ್ನು ಎರಡೇ ಪದದಲ್ಲಿ ಹೊಂದಿಸಿದ್ದರು. ಆಟಕ್ಕುಂಟು: ನಿನ್ನನ್ನು ಹೊರಗೆ ನಿಲ್ಲಿಸುವುದಿಲ್ಲ. ಲೆಕ್ಕಕ್ಕಿಲ್ಲ: ನಿನ್ನ ಕೈಲಾಗದ್ದನ್ನು ನಿನ್ನ ಮೇಲೆ ಹೇರುವುದಿಲ್ಲ. ಕಟ್ಟಳೆ ಉಳಿಯಿತು, ಪುಟ್ಟನೂ ಉಳಿದ.

ಆ ಮಾತಿಗೆ ಇನ್ನೊಂದು ಗುಣವಿತ್ತು. ಅದಕ್ಕೆ ಅವಧಿ ಇತ್ತು. ಎರಡು ಬೇಸಿಗೆ ಕಳೆದ ಮೇಲೆ ಪುಟ್ಟ ಒಂದು ದಿನ ಸೋತು, ಯಾರೂ ಹೇಳದೆ ತಾನೇ ಮುಷ್ಟಿ ಕಟ್ಟಿ ಗೆಣ್ಣು ನೆಲಕ್ಕೂರಿದ. "ಹೊಡೀರಿ. ನಾನೂ ಲೆಕ್ಕಕ್ಕೆ" ಅಂದ. ಏಟು ಬಿತ್ತು. ಕಣ್ಣಲ್ಲಿ ನೀರು ತುಂಬಿತು, ಮುಖದ ತುಂಬ ನಗು. ಅಷ್ಟು ಸಂತೋಷದಿಂದ ಪೆಟ್ಟು ತಿಂದವರನ್ನು ನಾನು ಆಮೇಲೆ ನೋಡಿಲ್ಲ. ದೊಡ್ಡವನಾಗುವುದು ಅಂದರೆ ಅದೇ. ನನ್ನ ತಪ್ಪು ನನ್ನದು, ಅದನ್ನು ನನ್ನ ಹೆಸರಿಗೇ ಬರೆಯಿರಿ ಎಂದು ಕೇಳುವ ಧೈರ್ಯ.

ಬಸ್ಸಿನಲ್ಲಿದ್ದ ಹುಡುಗನಿಗೆ ಆ ದಿನ ಬಂದಿಲ್ಲ. ಬಂದಿಲ್ಲ ಎಂದರೆ ತಪ್ಪಾದೀತು, ಬಂದದ್ದನ್ನು ಯಾರೂ ಗಮನಿಸಿಲ್ಲ. ಹದಿನೈದು ಹದಿನಾರರ ಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ಒಂದು ವಿಚಿತ್ರ ಲೆಕ್ಕ ಇಟ್ಟಿವೆ. ಅಡಿಕೆ ಕೊಯ್ಲಿಗೆ, ತೆಂಗಿನಕಾಯಿ ಹೊರುವುದಕ್ಕೆ, ತಂಗಿಯನ್ನು ಸ್ಕೂಲಿಗೆ ಬಿಡುವುದಕ್ಕೆ ಅವರು ದೊಡ್ಡವರು. ಏನು ಓದಬೇಕು, ಯಾವ ಊರಿನಲ್ಲಿ ಇರಬೇಕು ಎನ್ನುವಾಗ ಚಿಕ್ಕವರು. ತಪ್ಪು ಮಾಡಿದರೆ "ಇಷ್ಟು ಬೆಳೆದಿದೀಯ" ಎನ್ನುತ್ತೇವೆ, ಮಾತಾಡಿದರೆ "ನಿನಗೇನು ಗೊತ್ತು" ಎನ್ನುತ್ತೇವೆ. ಶಿಕ್ಷೆಗೆ ಲೆಕ್ಕ, ಮಾತಿಗಿಲ್ಲ. ನಮ್ಮ ಗೋಲಿಯಾಟದ ಕಟ್ಟಳೆ ಇದಕ್ಕೆ ನೇರ ಉಲ್ಟಾ ಇತ್ತು.

ಭಾರವನ್ನು ಹಂತಹಂತವಾಗಿ ಹೊರಿಸಬೇಕು ಎಂಬುದನ್ನು ಈ ಸೀಮೆಯ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಜ್ಜಂಪುರದ ಅಮೃತ್ ಮಹಲ್ ಕೇಂದ್ರದ ಹರಾಜಿನಲ್ಲಿ ಹೋರಿಕರು ತಂದವರನ್ನು ನೋಡಿ. ಕಾವಲಿನಲ್ಲಿ ಸ್ವೇಚ್ಛೆಯಾಗಿ ಮೇದು ಬೆಳೆದ, ಸಿಡುಕಿಗೆ ಹೆಸರಾದ ತಳಿ ಅದು. ತಂದ ದಿನವೇ ಯಾರೂ ಅದಕ್ಕೆ ತುಂಬಿದ ಗಾಡಿ ಹೂಡುವುದಿಲ್ಲ. ಮೊದಲು ಮೈ ಸವರುತ್ತಾರೆ, ಪಳಗಿದ ಎತ್ತಿನ ಪಕ್ಕ ಬರೀ ನೊಗ ಇಟ್ಟು ನಡೆಸುತ್ತಾರೆ, ಆಮೇಲೆ ಖಾಲಿ ಗಾಡಿ, ಆಮೇಲೆ ಭಾರ. ನೊಗ ಯಾವತ್ತೂ ಹೆಗಲಿಗೆ ತಾಗದ ಹೋರಿ ಮುಂದೊಂದು ದಿನ ಗಾಡಿ ಎಳೆಯಲಿ ಎಂದು ಯಾವ ರೈತನೂ ಕಾಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಹದಿನೆಂಟು ತುಂಬಿದ ಬೆಳಿಗ್ಗೆ ತೀರ್ಮಾನದ ಶಕ್ತಿ ತಾನಾಗಿ ಬರುತ್ತದೆ ಎಂದು ಕಾಯುತ್ತೇವೆ.

ಮಕ್ಕಳ ಮಾತಿಗೂ ಲೆಕ್ಕವಿರಬೇಕು ಎಂದು ಜಗತ್ತು ಬರೆದಿಟ್ಟಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಹಾಗೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಗೆ ಕಾಂಪೌಂಡ್ ಇಲ್ಲ, ಬಸ್ಸು ಹೊತ್ತಿಗೆ ಬರಲ್ಲ ಎಂದು ಎದ್ದು ನಿಂತು ಹೇಳುವ ಮಕ್ಕಳ ಮಾತನ್ನು ಅಲ್ಲಿ ಬರೆದುಕೊಳ್ಳುತ್ತಾರೆ. ಪಂಚಾಯ್ತಿಯಲ್ಲಿ ಲೆಕ್ಕಕ್ಕಿರುವ ಮಗು ಊಟದ ಮನೆಯಲ್ಲಿ ಲೆಕ್ಕಕ್ಕಿಲ್ಲದೆ ಹೋಗಬಾರದು.

ಕೇಳಿದರೆ ಬಸ್ಸಿನ ಆ ಹುಡುಗ ತಪ್ಪಾಗಿಯೇ ಆರಿಸಿಕೊಳ್ಳಬಹುದು. ಆರಿಸಿಕೊಳ್ಳಲಿ. ಅದು ಅವನ ಗೆಣ್ಣಿಗೆ ಬೀಳುವ ಏಟು, ಅವನಿಗೆ ಸೇರಬೇಕಾದದ್ದು. ಅಪ್ಪ ಪಕ್ಕದಲ್ಲಿರಲಿ, ಪಳಗಿದ ಎತ್ತಿನ ಹಾಗೆ.

ತರೀಕೆರೆಯಲ್ಲಿ ಅವರಿಬ್ಬರೂ ಇಳಿದರು. ಅಪ್ಪ ಮುಂದೆ, ಫೈಲು ಅಪ್ಪನ ಕೈಯಲ್ಲಿ. ಕೇಳಬೇಕೆಂದಿದ್ದ ಮಾತನ್ನು ನಾನು ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಅರ್ಜಿಯ ಕೊನೆಯಲ್ಲಿ ಪೋಷಕರ ಸಹಿಗೆ ಒಂದು ಗೆರೆ ಇರುತ್ತದೆ, ವಿದ್ಯಾರ್ಥಿಯ ಸಹಿಗೆ ಇನ್ನೊಂದು. ಆ ಎರಡನೆಯ ಗೆರೆಯ ಮೇಲೆ ಸಹಿ ಹಾಕಿಸುವ ಮುಂಚೆ, ದಯವಿಟ್ಟು, ಒಂದು ಸಲ ಅವನನ್ನು ಕೇಳಿ.